ಮನೆಯಲ್ಲೇ ಬೋಚಾ ರ್‍ಯಾಂಪ್: ಚೆಂಡು ಬಿಡುವ ಕೈ ಮಗುವಿನದೇ ಇರಲಿ

ಪೈಪು ಕೊಯ್ದು ಬೋಚಾ ಆಟದ ಚೆಂಡು ಉರುಳಿಸುವ ರ್‍ಯಾಂಪ್ ಮಾಡಿದ್ದೇವೆ, ಬಂದು ನೋಡಿ ಅಂತ ಕರೆದ ನಾಲ್ಕೈದು ಮನೆಗಳಿಗೆ ಹೋಗಿದ್ದೇನೆ. ಹೆಚ್ಚುಕಡಿಮೆ ಎಲ್ಲ ಕಡೆ ಕಂಡಿದ್ದು ಒಂದೇ. ಮಗು ಗಾಲಿಕುರ್ಚಿಯಲ್ಲಿ ಕೂತಿರುತ್ತದೆ. ಗುರಿ ಹಿಡಿಯುವುದು ಅಪ್ಪ, ಚೆಂಡು ಇಡುವುದು ಅಪ್ಪ, ಮಗುವಿನ ಕೈ ಹಿಡಿದು ತಳ್ಳುವುದೂ ಅಪ್ಪ. ಚೆಂಡು ಹೋಗಿ ಗುರಿಗೆ ತಾಗಿದರೆ ಮನೆಯವರೆಲ್ಲ ಚಪ್ಪಾಳೆ. ಮಗು ಮಾತ್ರ ಫ್ಯಾನ್ ನೋಡುತ್ತಾ ಇರುತ್ತದೆ. ಆಡಿದ್ದು ಯಾರು ಅಂತ ಅದಕ್ಕೆ ಗೊತ್ತಾಗುವುದಿಲ್ವಾ?

ಮೊದಲ ತಿಂಗಳು ನಾನೂ ಇದನ್ನೇ ಮಾಡಿದವನು. ಅಕ್ಕನ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಈಗ 11 ವರ್ಷ. ಮಾತು ಕಡಿಮೆ. ಕಣ್ಣು ಮೇಲೆತ್ತಿದರೆ ಹೌದು, ಗಟ್ಟಿಯಾಗಿ ಮುಚ್ಚಿದರೆ ಬೇಡ. ಅವಳ ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ಮರದ ಕೆಳಗೆ ಕೂರಿಸಿ, ಉಳಿದ ಮಕ್ಕಳ ನೀರಿನ ಬಾಟಲಿ ಕಾಯಲು ಬಿಡುತ್ತಿದ್ದರು. ಆ ಸಿಟ್ಟಿಗೆ ಶುರುವಾದ ಕೆಲಸ ಇದು.

ಬೋಚಾ ಗೊತ್ತಿಲ್ಲದವರಿಗೆ ಎರಡು ಮಾತು. ಪೇಪರಿನಲ್ಲಿ ಬೊಸಿಯಾ, ಬೋಕಿಯಾ ಅಂತೆಲ್ಲ ಬರೆಯುವುದುಂಟು, ಆಡುವವರ ಬಾಯಲ್ಲಿ ಬೋಚಾ. 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಗೋಲ್‌ಬಾಲ್ (ಕಣ್ಣು ಕಾಣದವರ ಆಟ) ಮತ್ತು ಇದು, ಎರಡಕ್ಕೂ ಒಲಿಂಪಿಕ್ಸ್‌ನಲ್ಲಿ ಹೋಲಿಕೆಯ ಆಟವೇ ಇಲ್ಲ. ಒಂದು ಬಿಳಿ ಚೆಂಡು, ಅದಕ್ಕೆ ಜ್ಯಾಕ್ ಅಂತ ಹೆಸರು. ಒಬ್ಬರಿಗೆ 6 ಕೆಂಪು, ಇನ್ನೊಬ್ಬರಿಗೆ 6 ನೀಲಿ. ಜ್ಯಾಕ್‌ಗೆ ಯಾರ ಚೆಂಡು ಹತ್ತಿರವೋ ಅವರಿಗೆ ಪಾಯಿಂಟು. ಗೋಲಿ ಆಡಿದವರಿಗೆ ಇಷ್ಟು ಸಾಕು. ಕೈಯಿಂದ ಎಸೆಯಲು ಆಗದವರ ವಿಭಾಗಕ್ಕೆ ಬಿಸಿ3 ಎನ್ನುತ್ತಾರೆ. ಅವರು ಸೂರಿನ ನೀರು ಹರಿಯುವ ದೋಣಿಯಂಥ ಇಳಿಜಾರು ರ್‍ಯಾಂಪಿನಿಂದ ಚೆಂಡು ಉರುಳಿಸುತ್ತಾರೆ. ನಮ್ಮ ಹುಡುಗಿ ಅದಕ್ಕೆ ಇಟ್ಟ ಹೆಸರು ಜಾರುಬಂಡೆ.

1. ಮೊದಲು ಕೂರುವುದು

ಪೈಪು ತರುವ ಮೊದಲು ಮಗು ಕೂತಿದ್ದನ್ನು ನೋಡಿ. ಸೊಂಟ ಕುರ್ಚಿಯ ಹಿಂಬದಿಗೆ ತಾಗಿರಬೇಕು, ಪಾದ ಪೂರ್ತಿ ಊರಿರಬೇಕು. ಕಾಲು ನೇತಾಡುತ್ತಿದ್ದರೆ ಮೈ ಬಿಗಿಯುತ್ತದೆ, ಆಗ ಕೈಯೂ ಬಿಗಿ. ನಮ್ಮಲ್ಲಿ ಕಾಲಡಿಗೆ ಎರಡು ಹಳೇ ಟೆಲಿಫೋನ್ ಡೈರೆಕ್ಟರಿ ಕಟ್ಟಿ ಇಟ್ಟಿದ್ದೇ ಅರ್ಧ ಸಮಸ್ಯೆ ಕಳೆಯಿತು. ಫಿಸಿಯೋಥೆರಪಿಸ್ಟ್ ಇದ್ದರೆ ಒಮ್ಮೆ ತೋರಿಸಿಬಿಡಿ.

2. ಸಾಮಾನು

4 ಇಂಚಿನ, ಅಂದರೆ 110 ಮಿ.ಮೀ.ನ ಪಿವಿಸಿ ಪೈಪು 10 ಅಡಿ. ನೀರು ಬಸಿಯಲು ಹಾಕುವ ಎಸ್‌ಡಬ್ಲ್ಯುಆರ್ ಪೈಪು ಸಾಕು. ಬೋಚಾ ಚೆಂಡಿನ ಸುತ್ತಳತೆ 270 ಮಿ.ಮೀ., ಅಂದರೆ ಅಡ್ಡಳತೆ ಸುಮಾರು 86 ಮಿ.ಮೀ. ಈ ಪೈಪನ್ನು ಉದ್ದಕ್ಕೆ ಸೀಳಿದರೆ ಚೆಂಡು ಒಳಗೆ ಕೂತು ಆಚೀಚೆ ಅರ್ಧ ಬೆರಳು ಜಾಗ ಉಳಿಯುತ್ತದೆ. 3 ಇಂಚಿನದು ಅಗ್ಗ ಅಂತ ತಂದವರಿದ್ದಾರೆ. ಅದರಲ್ಲಿ ಚೆಂಡು ಸಿಕ್ಕಿಕೊಳ್ಳುತ್ತದೆ, ತರಬೇಡಿ.

ಇನ್ನು ಸ್ಟ್ಯಾಂಡಿಗೆ ಪ್ಲೈವುಡ್ಡು, ನಾಲ್ಕು ನಟ್ಟು ಬೋಲ್ಟು, ಒಂದು ಬೆಂಕಿಪೊಟ್ಟಣ, ಎಲೆಕ್ಟ್ರಿಕ್ ಟೇಪು, ಎರಡಡಿ ವೈರಿಂಗ್ ಕೇಸಿಂಗ್ ಪಟ್ಟಿ (ಗೋಡೆಯ ಮೇಲೆ ವೈರು ಮುಚ್ಚುವ ಪ್ಲಾಸ್ಟಿಕ್ ಪಟ್ಟಿ). ಬೆಂಕಿಪೊಟ್ಟಣ ಯಾಕೆ ಅಂತ ಆಮೇಲೆ ಹೇಳುತ್ತೇನೆ.

3. ಸೀಳುವುದು

ಕಣ್ಣಳತೆಯಲ್ಲಿ ಸೀಳಿದರೆ ಹಾವು ಹೋದ ಹಾಗೆ ಆಗುತ್ತದೆ. ಪೈಪನ್ನು ನೆಲದ ಮೇಲೆ ಗೋಡೆಗೆ ಒತ್ತಿ, ಅಲುಗದ ಹಾಗೆ ಇಟ್ಟಿಗೆ ಕೊಡಿ. ಮರದ ತುಂಡಿನ ಮೇಲೆ ಮಾರ್ಕರ್ ಅಡ್ಡ ಮಲಗಿಸಿ, ಅದರ ತುದಿ ನೆಲದಿಂದ ಸರಿಯಾಗಿ 55 ಮಿ.ಮೀ. ಎತ್ತರದಲ್ಲಿ ಪೈಪಿಗೆ ತಾಗುವಂತೆ ಹಿಡಿದು ತುಂಡನ್ನು ನೆಲದ ಮೇಲೇ ಎಳೆದುಕೊಂಡು ಹೋಗಿ. ನೇರ ಗೆರೆ ಬರುತ್ತದೆ. ಪೈಪನ್ನು ಹೊರಳಿಸದೆ ಎತ್ತಿ, ಹಿಂದುಮುಂದು ತಿರುಗಿಸಿ ಇಟ್ಟು ಇನ್ನೊಂದು ಬದಿಗೂ ಹಾಗೇ ಎಳೆಯಿರಿ.

ಕೊಯ್ಯುತ್ತಾ ಹೋದ ಹಾಗೆ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿಹಿಡಿಯುತ್ತದೆ. ಅಡಿಗೊಂದು ಕಡ್ಡಿ ಸಿಕ್ಕಿಸುತ್ತಾ ಹೋಗಿ. ಪೈಪು ಕೊಯ್ಯುವ ಗ್ರೈಂಡರ್ ಯಂತ್ರದ ಅಭ್ಯಾಸ ಇಲ್ಲದವರು ಪ್ಲಂಬರಿಗೆ ಕೊಟ್ಟುಬಿಡಿ, ಹತ್ತು ನಿಮಿಷದ ಕೆಲಸ. ಅಂಚನ್ನು ಅರದಿಂದ ಉಜ್ಜಿ, ಬೆರಳು ಓಡಿಸಿ ನೋಡಿ. ಮಗುವಿನ ಕೈ ಓಡಾಡುವ ಜಾಗ ಅದು.

4. ಮೂರು ತುಂಡು, ಹಂಚಿನ ಹಾಗೆ

ಉದ್ದನೆಯ ಒಂದೇ ದೋಣಿಯನ್ನು ಓರೆಯಾಗಿ ನೆಲಕ್ಕೆ ಊರಿದರೆ ಚೆಂಡು ಕೆಳಗೆ ಬಂದು ನೆಲಕ್ಕೆ ಬಡಿದು ಪುಟಿಯುತ್ತದೆ. ಪುಟಿದ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ದೇವರಿಗೂ ಗೊತ್ತಿಲ್ಲ. ಅದಕ್ಕೇ ಮೂರು ತುಂಡು. ಮೇಲಿನ ಮೂರಡಿ ಕಡಿದಾದ ಇಳಿಜಾರು, ನಡುವಿನ ಎರಡಡಿ ಅದರ ಅರ್ಧದಷ್ಟು, ಕೆಳಗಿನ ಎರಡಡಿ ಬಹುತೇಕ ನೆಲಕ್ಕೆ ಮಲಗಿದ ಹಾಗೆ. ಮಂಗಳೂರು ಹಂಚು ಹೊದಿಸುವಾಗ ಮೇಲಿನದು ಕೆಳಗಿನದರ ಮೇಲೆ ಕೂರುತ್ತಲ್ವಾ, ಹಾಗೆ ಕೂರಿಸಿ. ತಿರುಗಾಮುರುಗಾ ಆದರೆ ಪ್ರತಿ ಸಂದಿಯಲ್ಲೂ ಚೆಂಡು ಎಡವುತ್ತದೆ. ನೆಲ ಮುಟ್ಟುವ ತುಟಿಯನ್ನು ಕಾಗದದಷ್ಟು ತೆಳ್ಳಗೆ ಉಜ್ಜಿ.

ಸ್ಟ್ಯಾಂಡ್ ನಿಮ್ಮಿಷ್ಟ. ಬೀಳಬಾರದು, ಎಡಕ್ಕೆ ಬಲಕ್ಕೆ ಸಲೀಸಾಗಿ ತಿರುಗಬೇಕು, ಅಷ್ಟೇ. ಅಡಿಹಲಗೆಗೆ ನಡುವೆ ಒಂದೇ ಬೋಲ್ಟು ಹಾಕಿದರೆ ತಿರುಗುತ್ತದೆ. ಮುಂದೆ ಸ್ಪರ್ಧೆಗೆ ಕಳಿಸುವ ಆಸೆ ಇದ್ದರೆ, ಮಗ್ಗುಲಾಗಿ ಮಲಗಿಸಿದಾಗ ಇಡೀ ರ್‍ಯಾಂಪ್ 2.5 ಮೀಟರ್ ಉದ್ದ, 1 ಮೀಟರ್ ಅಗಲದೊಳಗೆ ಹಿಡಿಸಬೇಕು ಎಂಬ ನಿಯಮ ನೆನಪಿರಲಿ. ಗುರಿ ತೋರುವ ಲೇಸರು, ಚೆಂಡು ಚಿಮ್ಮಿಸುವ ಸ್ಪ್ರಿಂಗು ಯಾವುದೂ ನಡೆಯುವುದಿಲ್ಲ.

5. ಚೆಂಡು ಬಿಡುವ ಕಟ್ಟೆ

ಎಲ್ಲರೂ ಹಾಳು ಮಾಡುವುದು ಇಲ್ಲೇ. ದಯವಿಟ್ಟು ನಿಧಾನವಾಗಿ ಓದಿ.

ಒಂದು ಗಂಟೆ ಸುಮ್ನೆ ಮಗುವಿನ ಪಕ್ಕ ಕೂತು ನೋಡಿ. ಅದು ತಾನಾಗಿಯೇ, ಬೇಕೆಂದಾಗ ಮಾಡಬಲ್ಲ ಒಂದು ಚಲನೆ ಯಾವುದು? ಟಿವಿ ರಿಮೋಟ್ ತಳ್ಳುತ್ತದಾ, ಹೊದಿಕೆ ಸರಿಸುತ್ತದಾ, ತಲೆ ಬಗ್ಗಿಸುತ್ತದಾ? ನಮ್ಮ ಹುಡುಗಿಗೆ ಬೆರಳು ಬಿಚ್ಚಲು ಬಾರದು. ಆದರೆ ಬೇಡವಾದ ತಟ್ಟೆಯನ್ನು ಎಡಗೈ ಮುಷ್ಟಿಯ ಬೆನ್ನಿನಿಂದ ಮುಂದಕ್ಕೆ ನೂಕುತ್ತಾಳೆ. ಉಪ್ಪಿಟ್ಟು ಹಾಕಿದ ದಿನ ಇನ್ನೂ ಚೆನ್ನಾಗಿ ನೂಕುತ್ತಾಳೆ. ನನಗೆ ಬೇಕಾಗಿದ್ದು ಆ ನೂಕು.

ಈಗ ರ್‍ಯಾಂಪಿನ ತಲೆಗೆ ಆರಿಂಚಿನ ಇನ್ನೊಂದು ತುಂಡು ಸೇರಿಸಿ. ಇದು ಇಳಿಜಾರಲ್ಲ, ಕಟ್ಟೆ. ಕೂದಲೆಳೆಯಷ್ಟೇ ಮುಂದಕ್ಕೆ ವಾಲಿರಲಿ. ಎತ್ತರ ಮಗುವಿನ ಆ ಕೈ ಸಹಜವಾಗಿ ಎಲ್ಲಿ ಓಡಾಡುತ್ತದೋ ಅಲ್ಲಿಗೆ. ರ್‍ಯಾಂಪಿಗೆ ಮಗುವನ್ನು ಎತ್ತರಿಸಬೇಡಿ, ಮಗುವಿಗೆ ರ್‍ಯಾಂಪನ್ನು ಇಳಿಸಿ.

ಕಟ್ಟೆಯ ಮುಂದಿನ ಅಂಚಿಗೆ ಒಂದು ಬೆಂಕಿಕಡ್ಡಿ ಅಡ್ಡಲಾಗಿ ಅಂಟಿಸಿ. ಸುಮಾರು 2 ಮಿ.ಮೀ. ದಪ್ಪ. ಚೆಂಡು ಅದಕ್ಕೆ ಒರಗಿ ನಿಲ್ಲುತ್ತದೆ. ನೂಕಿದರೆ ಕಡ್ಡಿ ದಾಟಿ ಇಳಿಯುತ್ತದೆ. ಕಡ್ಡಿ ತೆಳ್ಳಗಿದ್ದರೆ ಮಗು ಕೆಮ್ಮಿದರೂ ಚೆಂಡು ಹೊರಟುಬಿಡುತ್ತದೆ. ದಪ್ಪವಾದರೆ ನೂಕಿ ನೂಕಿ ಮಗುವಿಗೆ ಸಾಕಾಗುತ್ತದೆ. ಈ ನಡುವಿನ ಹದ ಸಿಗುವವರೆಗೆ ಕಡ್ಡಿಯ ಮೇಲೆ ಟೇಪನ್ನು ಒಂದೊಂದೇ ಪದರ ಏರಿಸಿ, ಕಿತ್ತು, ಮತ್ತೆ ಏರಿಸಿ. ನಮ್ಮಲ್ಲಿ ಕಡ್ಡಿ ಮೇಲೆ ನಾಲ್ಕು ಪದರಕ್ಕೆ ಸರಿಹೋಯಿತು. ಸಂಜೆ ಸುಸ್ತಾದಾಗ ಎರಡು ತೆಗೆಯುತ್ತೇವೆ. ಬೆಳಗಿನ ಕೈ ಬೇರೆ, ಸಂಜೆಯ ಕೈ ಬೇರೆ.

ಇನ್ನೊಂದು ತೊಂದರೆ. ಕೈ ಪಕ್ಕದಿಂದ ಬಂದು ತಾಗಿದರೆ ಚೆಂಡು ದೋಣಿಯೊಳಗೆ ಆಚೀಚೆ ತೊಟ್ಟಿಲಿನ ಹಾಗೆ ಓಲಾಡುತ್ತಾ ಇಳಿದು, ಕೊನೆಗೆ ಓರೆಯಾಗಿ ಹೊರಡುತ್ತದೆ. ಮಗು ಗುರಿ ಸರಿಯಾಗಿ ಹೇಳಿದ್ದರೂ ತಪ್ಪುತ್ತದೆ. ಕೇಸಿಂಗ್ ಪಟ್ಟಿಯ ಎರಡು ತುಂಡನ್ನು ಕಟ್ಟೆಯ ಒಳಬದಿಗೆ ಆಚೀಚೆ ಅಂಟಿಸಿ, ಚೆಂಡು ನಡುಮಧ್ಯೆ ನಿಲ್ಲುವ ಹಾಗೆ ಮಾಡಿ. ಓಲಾಟ ನಿಲ್ಲುತ್ತದೆ.

ನೂಕಲು ಆಗದ ಮಕ್ಕಳಿದ್ದಾರೆ, ಆದರೆ ಇಟ್ಟ ಕೈಯನ್ನು ಎತ್ತಬಲ್ಲರು. ಅವರಿಗೆ ಕಡ್ಡಿಯೂ ಬೇಡ, ಕಟ್ಟೆಯೂ ಬೇಡ. ಇಳಿಜಾರಲ್ಲೇ ಚೆಂಡಿನ ಮುಂದೆ ಕೈ ಇಡಿಸಿ, ಎತ್ತಿದರೆ ಹೋಗುತ್ತದೆ. ಇದರಲ್ಲಿ ಒಂದು ಲಾಭ ಉಂಟು. ಎಲ್ಲಿಂದ ಬಿಡಬೇಕು ಎಂಬುದನ್ನೂ ಮಗುವೇ ಹೇಳಬಹುದು. ಅರ್ಧ ಎತ್ತರದಿಂದ ಬಿಟ್ಟರೆ ಚೆಂಡು ಹೆಚ್ಚುಕಡಿಮೆ ಅರ್ಧ ದೂರ ಹೋಗುತ್ತದೆ. 10 ಸೆಂ.ಮೀ.ಗೊಂದು ಬಣ್ಣದ ಟೇಪು ಹಚ್ಚಿದರೆ ಕೆಂಪು, ಹಳದಿ, ಹಸಿರು ಅಂತ ಕಣ್ಣಲ್ಲೇ ತೋರಿಸುತ್ತಾರೆ. ಕಟ್ಟೆ ಇರುವವರು ಮೊದಲಿಗೆ ವೇಗದ ತಲೆನೋವು ಹಚ್ಚಿಕೊಳ್ಳಬೇಡಿ, ಜ್ಯಾಕನ್ನೇ ಹತ್ತಿರ ದೂರ ಇಡಿ.

ಕೈ ಏನೂ ಆಗುವುದಿಲ್ಲ, ತಲೆ ಮಾತ್ರ ಅನ್ನುವವರಿಗೆ ಹಣೆಪಟ್ಟಿಗೆ ಸಿಕ್ಕಿಸುವ ಕೋಲು ಇದೆ. ದೊಡ್ಡ ಆಟಗಾರರೂ ಅದನ್ನು ಬಳಸುತ್ತಾರೆ. ಕುತ್ತಿಗೆಯ ವಿಷಯ, ಫಿಸಿಯೋ ಒಪ್ಪದೆ ಮಾಡಬೇಡಿ.

ಇನ್ನು ದಾರ ಎಳೆದರೆ ಗೇಟು ತೆರೆಯುವ ಏರ್ಪಾಟು. ವಿಡಿಯೋಗಳಲ್ಲಿ ಬಹಳ ಚೆಂದ ಕಾಣುತ್ತದೆ. ನನಗೆ ಇಷ್ಟವಿಲ್ಲ. ಸ್ಪರ್ಧೆಯಲ್ಲಿ ಚೆಂಡು ಹೊರಡುವ ಮುನ್ನ ಕೊನೆಗೆ ಮುಟ್ಟುವವರು ಆಟಗಾರರೇ ಆಗಿರಬೇಕು, ಕೈಯಿಂದಲೋ ಕೋಲಿನಿಂದಲೋ. ಅದಿರಲಿ, ಚೆಂಡಿನ ಭಾರ ಕೈಗೆ ತಾಗುವುದರಲ್ಲೇ ಅರ್ಧ ಆಟ ಇದೆ.

6. ಚೆಂಡು

ಅಸಲಿ ಚೆಂಡು 275 ಗ್ರಾಂ ಆಸುಪಾಸು, ಸ್ವಲ್ಪ ಮೆತ್ತಗೆ. ಸೆಟ್ಟಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಶುರುವಿಗೆ ಬೇಡ. ಬೈಕ್ ಸೀಟಿನ ಕವರ್ ಹೊಲಿಯುವ ಅಂಗಡಿಯಲ್ಲಿ ರೆಕ್ಸಿನ್ ಚೆಂಡು ಹೊಲಿಸಿ, ಒಳಗೆ ರಾಗಿ ಒತ್ತಿ ತುಂಬಿ. ನಮ್ಮ ತಕ್ಕಡಿಯಲ್ಲಿ ಒಂದೊಂದು 260 ಗ್ರಾಂ ಹತ್ತಿರ ತೂಗಿತು. ಟೆನಿಸ್ ಚೆಂಡು ಬೇಡವೇ ಬೇಡ, ಹಗುರ ಮತ್ತು ಪುಟಿಯುತ್ತದೆ. ಆನ್‌ಲೈನಿನಲ್ಲಿ ಬರುವ ಗಟ್ಟಿ ಪ್ಲಾಸ್ಟಿಕ್ ಚೆಂಡಿನ ಸೆಟ್ಟೂ ಅಷ್ಟೇ. ನುಣುಪಾದ ಟೈಲ್ಸ್ ಮೇಲೆ ಬಿಟ್ಟರೆ ಸೀದಾ ಅಡುಗೆಮನೆಗೆ ಹೋಗಿ ನಿಲ್ಲುತ್ತದೆ.

7. ಬೆನ್ನು ತಿರುಗಿಸಿ ಕೂರಿ

ಬಿಸಿ3 ವಿಭಾಗದಲ್ಲಿ ರ್‍ಯಾಂಪ್ ಹಿಡಿಯುವ ಸಹಾಯಕರು ಅಂಕಣಕ್ಕೆ ಬೆನ್ನು ಹಾಕಿ ಕೂರಬೇಕು. ತಿರುಗಿ ನೋಡುವ ಹಾಗಿಲ್ಲ. ಮನೆಯಲ್ಲೂ ಮೊದಲ ದಿನದಿಂದಲೇ ಇದನ್ನು ಪಾಲಿಸಿ. ಕಾಣದಿದ್ದರೆ ತಾನೇ ನೀವು ಕೇಳುವುದು?

ಕೇಳುವ ಕ್ರಮ ಹೀಗೆ. ಚೆಂಡು ಕಟ್ಟೆಗೆ ಇಡುವ ಮೊದಲೇ ರ್‍ಯಾಂಪಿಗೆ ಕೈ ಹಾಕಿ, 'ಎಡಕ್ಕಾ?' ಅಂತ ಕೇಳಿ. ಕಾಯಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ, ಬೇಕಾದರೆ ಇಪ್ಪತ್ತು. ಉತ್ತರ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಸಾಕು ಅಂದಾಗ ನಿಲ್ಲಿಸಿ, ಚೆಂಡು ಇಟ್ಟು ಕೈ ತೆಗೆಯಿರಿ. 'ಹಾಕು, ಹಾಕು, ಬೇಗ ಹಾಕು' ಅಂತ ಕೂಗಬೇಡಿ. ಕೂಗಿದರೆ ಇಂಥ ಮಕ್ಕಳ ಮೈ ಬಿಗಿಯುತ್ತದೆ, ಹೋಗಬೇಕೆಂದ ಕೈ ಅಲ್ಲೇ ನಿಲ್ಲುತ್ತದೆ.

ಒಂದು ಭಾನುವಾರ ಭಾವ ರ್‍ಯಾಂಪ್ ಹಿಡಿದಿದ್ದರು. ಅವಳು ಬಲಕ್ಕೆ ಅಂದಿದ್ದಳು. ಜ್ಯಾಕ್ ಎಡಕ್ಕಿದೆ ಅಂತ ಭಾವನಿಗೆ ಶೋಕೇಸಿನ ಗಾಜಿನಲ್ಲಿ ಕಂಡಿದೆ. ಕಾಲಿನಿಂದ ಮೆಲ್ಲಗೆ ಎಡಕ್ಕೆ ಸರಿಸಿದರು. ಅವಳು ನೂಕಲೇ ಇಲ್ಲ. ಮುಷ್ಟಿ ಚೆಂಡಿನ ಹಿಂದೆಯೇ ಇದೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಾಳೆ. ಎರಡು ನಿಮಿಷ ಆಯಿತು. ಅಕ್ಕ ಬಾಗಿಲಲ್ಲಿ ನಿಂತು, 'ರೀ, ಅವಳು ಹೇಳಿದಲ್ಲಿಗೆ ಇಡ್ರೀ' ಅಂದಳು. ಭಾವ ವಾಪಸ್ ಬಲಕ್ಕೆ ತಿರುಗಿಸಿದರು. ಚೆಂಡು ಬಲಕ್ಕೆ ಹೋಗಿ, ಅಲ್ಲಿದ್ದ ನನ್ನ ನೀಲಿ ಚೆಂಡಿಗೆ ಗುದ್ದಿ ಅದನ್ನು ಸೋಫಾ ಕೆಳಗೆ ಅಟ್ಟಿತು. ಅವಳು ಹೊಡೆಯಬೇಕೆಂದಿದ್ದು ಜ್ಯಾಕನ್ನಲ್ಲ, ನನ್ನ ಚೆಂಡನ್ನು. ಅಂದಿನಿಂದ ಶೋಕೇಸಿಗೆ ಬೆಡ್‌ಶೀಟ್ ಹೊದಿಸುತ್ತೇವೆ.

8. ಜಾಗ, ಶಾಲೆ, ಇಟ್ಟುಕೊಳ್ಳುವುದು

ಪೂರ್ತಿ ಅಂಕಣ 12.5 ಮೀಟರ್ ಉದ್ದ, 6 ಮೀಟರ್ ಅಗಲ. ಮನೆಗೆ ಜಗಲಿ ಸಾಕು, ಶಾಲೆಗೆ ಕಾರಿಡಾರು ಸಾಕು. ಉಳಿದ ಮಕ್ಕಳೂ ಅದೇ ರ್‍ಯಾಂಪಿನಿಂದಲೇ ಆಡಲಿ. ಆಡಲು ಬಿಡದ ಶಾಲೆ ಇದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಆಟೋಟಕ್ಕೇ ಮೀಸಲು ಅಂತ ಮೆತ್ತಗೆ ನೆನಪಿಸಿ. ನಾವು ಅದರ ಒಂದು ಜೆರಾಕ್ಸ್ ಕೊಟ್ಟೆವು, ಜೊತೆಗೆ ರ್‍ಯಾಂಪನ್ನೂ ಆಟೋದಲ್ಲಿ ಹಾಕಿಕೊಂಡು ಹೋದೆವು. ಕೆಲಸ ಮಾಡಿದ್ದು ರ್‍ಯಾಂಪು. ಮಧ್ಯಾಹ್ನದ ಹೊತ್ತಿಗೆ ಆರನೇ ಕ್ಲಾಸಿನ ಹುಡುಗರು ಸಾಲು ನಿಂತಿದ್ದರು.

ರ್‍ಯಾಂಪನ್ನು ತಾರಸಿಯ ಬಿಸಿಲಲ್ಲಿ ಗೋಡೆಗೆ ಒರಗಿಸಬೇಡಿ, ಪಿವಿಸಿ ಬಾಗುತ್ತದೆ. ಮಂಚದ ಕೆಳಗೆ ಚಪ್ಪಟೆಯಾಗಿ ಮಲಗಿಸಿ. ಚೆಂಡುಗಳನ್ನು ಮಾತ್ರ ಅಲ್ಲಿಡಬೇಡಿ, ಮುಚ್ಚಳ ಇರುವ ಸ್ಟೀಲ್ ಡಬ್ಬಿಗೆ ಹಾಕಿ. ನಮ್ಮ ಮೊದಲ ಮೂರು ಕೆಂಪು ಚೆಂಡಿನ ರಾಗಿ ಇಲಿಗೆ ಹೋಯಿತು.