ಆಟದ ಲೋಕಕ್ಕೊಂದು ಬನದ ಧರ್ಮ: ಡ್ರೂಯಿಡ್ ಮತವನ್ನು ನಾನು ಕಟ್ಟಿದ ಬಗೆ

ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದು ಪಾತ್ರವಾಗಿ ಆಡುವ ರೋಲ್‌ಪ್ಲೇ ಆಟಗಳಿಗೆ ಡ್ರೂಯಿಡ್, ಅಂದರೆ ಪ್ರಾಚೀನ ಕೆಲ್ಟಿಕ್ ಜನರ ಪುರೋಹಿತ, ಹೊಸಬನಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1976ರ ಪೂರಕ ಪುಸ್ತಕವೊಂದರಲ್ಲಿ ಆಟಗಾರರ ಪಾತ್ರವಾಗಿ ಬಂದವನು 1978ರ ನಿಯಮಪುಸ್ತಕದಲ್ಲಿ ಭದ್ರವಾಗಿ ನೆಲೆಯೂರಿದ. ಆದರೆ ನಿಯಮಗಳು ಅವನ ಶಕ್ತಿಗಳನ್ನು ವಿವರಿಸುವಷ್ಟು ಅವನ ಧರ್ಮವನ್ನು ವಿವರಿಸುವುದಿಲ್ಲ. ಅವನು ಪ್ರಾಣಿಯಾಗಬಲ್ಲ, ಬಳ್ಳಿಗಳಿಂದ ಶತ್ರುವಿನ ಕಾಲು ಕಟ್ಟಬಲ್ಲ. ಊರಿನ ರೈತನಿಗೂ ಅವನಿಗೂ ಏನು ಸಂಬಂಧ ಎಂಬುದನ್ನು ಮಾತ್ರ ಆಟ ನಡೆಸುವ ಗೇಮ್ ಮಾಸ್ಟರೇ ಕಟ್ಟಬೇಕು. ‘ಮೂರ್ಹೊಳೆ ಸೀಮೆ’ ಎಂಬ ನನ್ನ ಕಲ್ಪಿತ ನಾಡಿಗೆ ಅದನ್ನು ಕಟ್ಟಿದ ಕ್ರಮ ಇದು. ಅಲ್ಲಿನ ಡ್ರೂಯಿಡ್‌ಗಳ ಹೆಸರು ಬನಗಾರರು.

ದೇವರ ಹೆಸರುಗಳಿಂದ ಶುರುಮಾಡಬೇಡಿ. ಹನ್ನೆರಡು ದೇವರುಗಳ ಪಟ್ಟಿ ಮಾಡಿದರೆ ಆಟಗಾರರು ಒಂದನ್ನೂ ನೆನಪಿಡುವುದಿಲ್ಲ, ಕಾಡು ಬರೀ ಹಿನ್ನೆಲೆಯಾಗಿ ಉಳಿಯುತ್ತದೆ. ನಾನು ಮೊದಲು ಬರೆದದ್ದು ಒಂದೇ ವಾಕ್ಯ: ಕಾಡಿನಿಂದ ತಂದದ್ದೆಲ್ಲ ಸಾಲ. ಉಳಿದ ವಿಧಿ, ಪಂಚಾಂಗ, ನಿಷೇಧಗಳೆಲ್ಲ ಇದರಿಂದಲೇ ಹುಟ್ಟಿದವು.

ಬನದ ಮಾದರಿಗೆ ಕೊಡಗಿನ ದೇವರಕಾಡುಗಳಿಗಿಂತ ಒಳ್ಳೆಯದು ನನಗೆ ಕಾಣಲಿಲ್ಲ. ಸಾವಿರಕ್ಕೂ ಹೆಚ್ಚಿರುವ ಅವುಗಳಲ್ಲಿ ಎಷ್ಟೋ ಕೆಲವೇ ಎಕರೆಯವು. ಅವು ಊರಿನವರ ಜವಾಬ್ದಾರಿ. ಅಯ್ಯಪ್ಪನ ಕಾಡುಗಳಲ್ಲಿ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳು ಸಾಲಾಗಿ ನಿಂತಿರುತ್ತವೆ. ಕಾಫಿ ತೋಟಗಳ ಒತ್ತುವರಿಯಿಂದ ಅನೇಕ ಕಾಡುಗಳು ಕುಗ್ಗಿವೆ. ಆಟಕ್ಕೆ ಬೇಕಾದದ್ದೆಲ್ಲ ಇಲ್ಲಿದೆ: ಪುಟ್ಟ ಜಾಗ, ಹೊಣೆ ಹೊತ್ತ ಊರು, ಕೈಗೆಟಕುವ ಹರಕೆ, ಸರಿಯುವ ಗಡಿ. ಸಾವಿರ ಮೈಲಿಯ ಮಹಾರಣ್ಯವನ್ನು ಯಾರೂ ಕಾಯಲಾರರು. ಆರು ಎಕರೆಯನ್ನು ಕಾಯಬಹುದು, ಕಳೆದುಕೊಳ್ಳಲೂಬಹುದು.

ಮರಗಳನ್ನೂ ನನಗೆ ಗೊತ್ತಿರುವವನ್ನೇ ಇಟ್ಟೆ. ಡ್ರೂಯಿಡ್‌ಗಳಿಗೆ ಪವಿತ್ರವಾದ ಓಕ್ ಮರದ ತೊಗಟೆ, ವಾಸನೆ, ಕಾಯಿ ಬಿಡುವ ಕಾಲವನ್ನು ಕಣ್ಣಿಗೆ ಕಟ್ಟುವಂತೆ ಹೇಳಲಾರೆ. ಅತ್ತಿ, ನೇರಳೆ, ಹೊನ್ನೆಯದನ್ನು ಹೇಳಬಲ್ಲೆ. ಬನದ ನಡುವಿನ ಮರ ಅತ್ತಿ. ಬೇರೆ ಮರಗಳಲ್ಲಿ ಹಣ್ಣಿಲ್ಲದ ತಿಂಗಳಲ್ಲೂ ಅತ್ತಿಯ ಜಾತಿಯ ಮರಗಳಲ್ಲಿ ಹಣ್ಣಿರುತ್ತದೆ, ಹಕ್ಕಿ, ಬಾವಲಿ, ಮಂಗಗಳೆಲ್ಲ ಅಲ್ಲಿಗೇ ಬರುತ್ತವೆ. ಅದು ಪವಿತ್ರ ಏಕೆ ಎಂದು ಆಟಗಾರ ಕೇಳಿದರೆ ಉತ್ತರ ಕಣ್ಣೆದುರೇ ಇದೆ. ಡ್ರೂಯಿಡ್‌ಗಳ ಮಿಸಲ್ಟೋ ಎಂಬ ಪರಾವಲಂಬಿ ಗಿಡದ ಬದಲು ನಮ್ಮ ಮಾವಿನ ಮರಗಳಲ್ಲಿ ಕಾಣುವ ಬಂದಳಿಕೆ. ಅದರ ಅಂಟು ಬೀಜವನ್ನು ಪುಟ್ಟ ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಹಚ್ಚುತ್ತವೆ. ನೆಲ ಮುಟ್ಟದೆ ಹಸಿರಾಗಿರುವ ಗಿಡಕ್ಕೆ ಪೂಜೆ ಸಹಜ.

ಈಗ ಸಾಲದ ಲೆಕ್ಕ. ಪ್ರತಿ ಬನಕ್ಕೂ ಒಂದು ಚೀಟಿ. ಅದರಲ್ಲಿ ವಿಸ್ತೀರ್ಣ, ಗಡಿಕಲ್ಲುಗಳ ಸಂಖ್ಯೆ, ಕಾಯುವ ಊರು, ಮತ್ತು 0ರಿಂದ 10ರವರೆಗಿನ ಸಾಲದ ಅಂಕ. ಹಸಿ ಮರ ಕಡಿದರೆ 2, ಗಡಿಕಲ್ಲು ಸರಿಸಿದರೆ 3, ಮೊದಲ ಮಳೆಗೆ ಹೊಳೆ ಏರುವ ಮೊಟ್ಟೆಮೀನು ಹಿಡಿದರೆ 1, ಮರಿ ಇರುವ ಹೆಣ್ಣು ಪ್ರಾಣಿಯನ್ನು ಬೇಟೆಯಾಡಿದರೆ 2. ಬಿದ್ದ ಸೌದೆಗೆ ಸಾಲವಿಲ್ಲ. ಅದಕ್ಕೂ ಅಂಕ ಹಾಕಿದರೆ ಬಡವರ ಒಲೆ ಆರುತ್ತದೆ, ಧರ್ಮ ಕ್ರೂರವಾಗಿ ಕಾಣುತ್ತದೆ. ತೀರಿಸಲು ಮೂರು ಸಸಿ ನೆಟ್ಟು ಒಂದು ಬೇಸಿಗೆ ದಾಟಿಸಿದರೆ 1 ಇಳಿಯುತ್ತದೆ. ನೆಟ್ಟ ದಿನವೇ ಇಳಿಸಬೇಡಿ. ಇಳಿಸಿದರೆ ಆಟಗಾರರು ಒಂದೇ ಮಧ್ಯಾಹ್ನ ಮೂವತ್ತು ಸಸಿ ನೆಟ್ಟು ಮರೆತುಬಿಡುತ್ತಾರೆ. ಬೇಸಿಗೆ ದಾಟಬೇಕೆಂದರೆ ನೀರು ಹೊರಲು, ಮೇಕೆ ಓಡಿಸಲು ಊರಿನ ಒಬ್ಬರನ್ನು ಒಪ್ಪಿಸಬೇಕಾಗುತ್ತದೆ, ಅಲ್ಲಿಂದ ಸಂಬಂಧ ಹುಟ್ಟುತ್ತದೆ.

ಅಂಕ 4 ಮುಟ್ಟಿದರೆ ಜೇನು ಗೂಡು ಬಿಡುತ್ತದೆ. 7 ಆದರೆ ಬೇಸಿಗೆಯಲ್ಲಿ ಒರತೆ ಬತ್ತುತ್ತದೆ. 10ಕ್ಕೆ ಬನ ಮುಚ್ಚುತ್ತದೆ: ಅಲ್ಲಿ ಬನಗಾರರಿಗೆ ಮಂತ್ರಶಕ್ತಿ ಮರಳುವುದಿಲ್ಲ, ಗಾಯ ಮಾಯುವುದಿಲ್ಲ. ಒಂದು ಋತುವಿಗೆ 3ಕ್ಕಿಂತ ಹೆಚ್ಚು ಏರಬಾರದೆಂಬ ಮಿತಿ ಕಡ್ಡಾಯ. ಇಲ್ಲದಿದ್ದರೆ ದುಡುಕಿನ ತಂಡವೊಂದು ಎರಡು ಆಟಗಳಲ್ಲಿ ಇಡೀ ಕಣಿವೆಯನ್ನು ಒಣಗಿಸುತ್ತದೆ. ಅಂಕ ಡ್ರೂಯಿಡ್ ಪಾತ್ರಧಾರಿಗೆ ಮಾತ್ರ ಗೊತ್ತಿರಲಿ, ಉಳಿದವರಿಗೆ ಲಕ್ಷಣಗಳಷ್ಟೇ ಕಾಣಲಿ. ಯಾರಿಗೂ ತೋರಿಸದಿದ್ದರೆ ಒರತೆ ಬತ್ತಿದ್ದು ಗೇಮ್ ಮಾಸ್ಟರನ ಸಿಟ್ಟಿನಂತೆ ಕಾಣುತ್ತದೆ. ಎಲ್ಲರಿಗೂ ತೋರಿಸಿದರೆ ಬನಗಾರನ ಮಾತಿಗೆ ಬೆಲೆಯೇ ಇರುವುದಿಲ್ಲ.

ಪಂಚಾಂಗಕ್ಕೆ ನಿಜವಾದ ಆಧಾರ ಸಿಕ್ಕಿತು, ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದೇ. 1897ರಲ್ಲಿ ಫ್ರಾನ್ಸಿನ ಕೊಲಿನ್ಯಿ ಎಂಬಲ್ಲಿ ಒಂದು ಕಂಚಿನ ಫಲಕದ ಚೂರುಗಳು ಸಿಕ್ಕವು. ಅದು ಅಲ್ಲಿನ ಪ್ರಾಚೀನ ಕೆಲ್ಟಿಕ್ ಜನರಾದ ಗಾಲ್‌ಗಳ ಪಂಚಾಂಗ: ಐದು ವರ್ಷ, 62 ಚಾಂದ್ರಮಾನ ತಿಂಗಳು, ಅವುಗಳಲ್ಲಿ ಎರಡು ಅಧಿಕಮಾಸ. ತಿಂಗಳು 30 ಅಥವಾ 29 ದಿನದ್ದು. ಸಾಮಾನ್ಯವಾಗಿ 30ರದ್ದು ಶುಭ, 29ರದ್ದು ಅಶುಭ. ಪ್ರತಿ ತಿಂಗಳೂ ಎರಡು ಪಕ್ಷ. ಯುಗಾದಿ, ಅಧಿಕಮಾಸ ಬಲ್ಲ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. 62 ಸಾಲಿನ ಒಂದು ಹಾಳೆ ಮಾಡಿ, ಪ್ರತಿ ಸಾಲಿಗೆ ದಿನಗಳ ಸಂಖ್ಯೆ ಮತ್ತು ಶುಭಾಶುಭ ಗುರುತು ಹಾಕಿದರೆ ಮುಗಿಯಿತು. ಅಶುಭ ಮಾಸದಲ್ಲಿ ವಿಧಿ ನಡೆಸಲು ಎಸೆದ ದಾಳದ ಅಂಕದಲ್ಲಿ 2 ಕಡಿತ.

ಇದರಲ್ಲೊಂದು ಬಿರುಕಿದೆ, ಕಥೆ ಅಲ್ಲಿಂದಲೇ ಬರುತ್ತದೆ. 62 ತಿಂಗಳೆಂದರೆ ಸುಮಾರು 1,831 ದಿನ. ಐದು ಸೌರವರ್ಷವೆಂದರೆ 1,826. ಪ್ರತಿ ಸುತ್ತಿನಲ್ಲೂ ಸುಮಾರು ಐದು ದಿನದಷ್ಟು ಹೆಚ್ಚಾಗಿ, ಆರು ಸುತ್ತಿಗೆ, ಅಂದರೆ 30 ವರ್ಷಕ್ಕೆ, ಹೆಚ್ಚುಕಡಿಮೆ ಒಂದು ತಿಂಗಳಾಗುತ್ತದೆ. ಆಗ ಒಂದು ಅಧಿಕಮಾಸವನ್ನು ಕೈಬಿಡಬೇಕು. ರೋಮನ್ ಲೇಖಕ ಪ್ಲಿನಿಯೂ ಡ್ರೂಯಿಡ್‌ಗಳಿಗೆ 30 ವರ್ಷದ ಯುಗವಿತ್ತು ಎನ್ನುತ್ತಾನೆ. ನನ್ನ ಸೀಮೆಯಲ್ಲಿ ಆಟ ಶುರುವಾಗುವುದು ಆ ಮೂವತ್ತನೆಯ ವರ್ಷ. ಹೊಳೆಬದಿಯ ಬನಗಾರರಿಗೆ ತಿಂಗಳು ಬಿಡಬೇಕು, ಬಿತ್ತನೆ ತಡವಾಗುತ್ತಿದೆ. ಬೆಟ್ಟದವರು ಒಪ್ಪರು, ಆ ತಿಂಗಳಲ್ಲೇ ಅವರ ಹಿರಿಯರ ಎಡೆ ಇದೆ. ಇಬ್ಬರೂ ಸರಿ. ಹೀಗೆ ಇಬ್ಬರೂ ಸರಿಯಿರುವ ಜಗಳ ಸಿಕ್ಕರೆ ಬೇರೆ ರಾಕ್ಷಸರನ್ನು ಹುಡುಕುವ ಅಗತ್ಯವಿಲ್ಲ.

ಮಿಸಲ್ಟೋ ಕೊಯ್ಯುವುದಕ್ಕೆ ಪ್ಲಿನಿ ಹೇಳುವ ವಿಧಿಯೂ ಬಹಳ ಉಪಯೋಗಕ್ಕೆ ಬಂತು: ಚಂದ್ರನ ಆರನೆಯ ದಿನ, ಬಿಳಿಯುಟ್ಟ ಪುರೋಹಿತ, ಚಿನ್ನದ ಕುಡುಗೋಲು, ಕೆಳಗೆ ಹಿಡಿದ ಬಿಳಿ ಬಟ್ಟೆ, ಎರಡು ಬಿಳಿ ಹೋರಿಗಳ ಬಲಿ. ಅಪ್ಪಟ ಚಿನ್ನ ಮೆತ್ತಗೆ, ಅಲಗು ನಿಲ್ಲದು; ಹಾಗಾಗಿ ನನ್ನ ಬನಗಾರರದು ಚಿನ್ನದ ಬಣ್ಣದ ಕಂಚಿನ ಕುಡುಗೋಲು. ಆಟದ ಹಳೆಯ ನಿಯಮದಲ್ಲಿ ಡ್ರೂಯಿಡ್ ಲೋಹದ ಕವಚ ತೊಡುವಂತಿಲ್ಲ. ನಾನದಕ್ಕೆ ಕಾರಣ ಕೊಟ್ಟೆ: ನಿಷಿದ್ಧವಾದದ್ದು ಕಬ್ಬಿಣ ಮಾತ್ರ, ಏಕೆಂದರೆ ಅದು ಕಾಡು ತಿನ್ನುತ್ತದೆ. ಹಳೆಯ ಕುಲುಮೆಗೆ ಕಬ್ಬಿಣದ ತೂಕದ ಹಲವು ಪಟ್ಟು ಇದ್ದಿಲು ಬೇಕು, ಒಂದು ಕಿಲೋ ಇದ್ದಿಲಿಗೆ ಐದಾರು ಕಿಲೋ ಸೌದೆ. ಇಷ್ಟು ಗೊತ್ತಾದ ಮೇಲೆ ಕವಚ ತೊಡದಿರುವುದನ್ನು ಆಟಗಾರ ತನ್ನ ಪಾತ್ರದ ನಂಬಿಕೆಯಾಗಿಯೇ ಆಡುತ್ತಾನೆ.

ಡ್ರೂಯಿಡ್ ಶಿಕ್ಷಣ 20 ವರ್ಷದವರೆಗೂ ನಡೆಯುತ್ತಿತ್ತು, ಧರ್ಮದ ಪದ್ಯಗಳನ್ನು ಬರೆದಿಡುವಂತಿರಲಿಲ್ಲ ಎಂದು ರೋಮನ್ ಸೇನಾನಿ ಜೂಲಿಯಸ್ ಸೀಸರ್ ದಾಖಲಿಸಿದ್ದಾನೆ. ಇದನ್ನು ಮೇಜಿಗೆ ತರುವುದು ಸುಲಭ. ಪ್ರತಿ ವಿಧಿಗೂ ನಾಲ್ಕು ಸಾಲು. ನಾನು ಎರಡು ಸಲ ಹೇಳುತ್ತೇನೆ, ಯಾರೂ ಬರೆದುಕೊಳ್ಳುವಂತಿಲ್ಲ. ಆದಿಪ್ರಾಸ ಇಟ್ಟರೆ ನಾಲಗೆಯಲ್ಲಿ ನಿಲ್ಲುತ್ತದೆ:

ಮರವ ಕಡಿಯುವ ಮುನ್ನ ಮೂರು ಸಲ ಕೇಳು
ಕರೆದರೆ ಕಾಗೆ, ಕೊಡಲಿಯ ಕೆಳಗಿಡು
ಉರುಳಿದ ಮರಕೆ ಊರೆಲ್ಲ ಸಾಲಿಗ
ತಿರುಗಿ ಮೂರು ಸಸಿಯ ನೆಟ್ಟು ತೀರಿಸು

ವಿಧಿಯ ದಿನ 20 ಮುಖದ ದಾಳದಲ್ಲಿ 14 ಬೇಕು. ಸರಿಯಾಗಿ ಹೇಳಿದ ಪ್ರತಿ ಸಾಲಿಗೆ ಆ 14ರಲ್ಲಿ 2 ಇಳಿಯುತ್ತದೆ. ಸಾಲು ತಪ್ಪಿದರೆ ವಿಧಿ ಕೆಡುವುದಿಲ್ಲ, ಸಾಲದ 1 ಅಂಕ ಪಕ್ಕದ ಬನಕ್ಕೆ ವರ್ಗವಾಗುತ್ತದೆ. ಕೆಟ್ಟಿತು ಎಂದರೆ ಆಟ ಅಲ್ಲೇ ನಿಲ್ಲುತ್ತದೆ, ವರ್ಗವಾದರೆ ನೆರೆಯೂರಿನವರು ಮಾತಾಡಲು ಬರುತ್ತಾರೆ. ನಾಲ್ಕಕ್ಕಿಂತ ಹೆಚ್ಚು ಸಾಲು ಬೇಡ, ಆಟ ಪರೀಕ್ಷೆಯಾಗಿಬಿಡುತ್ತದೆ.

ಪ್ರಾಣಿರೂಪವನ್ನು ನಿಯಮಪುಸ್ತಕದಂತೆಯೇ ಬಿಟ್ಟೆ, ಒಂದು ಷರತ್ತಿನೊಡನೆ: ರೂಪವನ್ನು ಕೊಡುವುದು ಬನ, ಕೊಟ್ಟ ಪ್ರಾಣಿಯ ಮಾಂಸ ಬನಗಾರನಿಗೆ ವರ್ಜ್ಯ. ಜಿಂಕೆ, ಕಾಡುಹಂದಿ, ಮೀನು ಎಲ್ಲ ರೂಪ ಪಡೆದವನ ಊಟದ ಎಲೆ ತಾನಾಗಿ ಸಣ್ಣದಾಗುತ್ತದೆ.

ನರಬಲಿಯ ವಿಷಯ ಬಂದೇ ಬರುತ್ತದೆ. ಡ್ರೂಯಿಡ್‌ಗಳ ನರಬಲಿಯ ಬರಹಗಳು ಬಂದಿರುವುದು ಅವರನ್ನು ಗೆದ್ದ ರೋಮನ್ನರು ಮತ್ತು ಗ್ರೀಕ್ ಲೇಖಕರ ಕಡೆಯಿಂದ. ಡ್ರೂಯಿಡ್‌ಗಳು ತಾವೇ ಬರೆದಿಟ್ಟದ್ದು ಇಲ್ಲ. ಅದನ್ನು ನಾನು ಹಾಗೆಯೇ ಬಳಸಿದೆ: ಕೋಟೆಯ ದಾಖಲೆಯಲ್ಲಿ ಒಂದು ಕಥೆ, ಬನದ ಪದ್ಯದಲ್ಲಿ ಇನ್ನೊಂದು. ಯಾವುದು ನಿಜವೆಂದು ಗೇಮ್ ಮಾಸ್ಟರ್ ಹೇಳಿಬಿಡಬಾರದು.

ಶುರುವಿಗೆ ಮೂರು ಬನ ಸಾಕು: ಸಾಲವಿಲ್ಲದ್ದೊಂದು, ಅಂಕ 3ರದ್ದೊಂದು, 6ರದ್ದೊಂದು. ಉಳಿದ ಚೀಟಿಗಳನ್ನು ಖಾಲಿ ಬಿಟ್ಟು, ತಂಡ ಯಾವ ದಿಕ್ಕಿಗೆ ನಡೆಯುತ್ತದೋ ಅಲ್ಲಿಯದನ್ನು ಮುಂದಿನ ಆಟಕ್ಕೆ ಮೊದಲು ತುಂಬಿ. ಮೊದಲ ಆಟದಲ್ಲಿ ಧರ್ಮವನ್ನು ವಿವರಿಸುವ ಹಿರಿಯರು ಯಾರೂ ಬೇಡ. 6ರ ಬನದಲ್ಲಿ ಒಂದು ಗಡಿಕಲ್ಲು ಹತ್ತು ಹೆಜ್ಜೆ ಒಳಗೆ ಸರಿದಿರಲಿ, ಸರಿಸಿದವನು ತಂಡಕ್ಕೆ ಆ ರಾತ್ರಿ ಊಟ ಹಾಕಿದವನೇ ಆಗಿರಲಿ.