ಮೊದಲು ನಾಲಿಗೆ, ಆಮೇಲೆ ಮಾತು: ಅಂಗಡಿಯಲ್ಲೇ ರುಚಿ ನೋಡಿಸುವುದು, ಅಡುಗೆ ಕಲಿಸುವುದು ಹೇಗೆ?

ಬಗೆಬಗೆಯ ಎಣ್ಣೆ, ಚೀಸ್, ಜೇನು, ಚಾಕೊಲೇಟ್ ಮಾರುವ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಗಿರಾಕಿ ಒಂದು ಬಾಟಲಿ ಕೈಗೆತ್ತಿಕೊಳ್ಳುತ್ತಾರೆ. ತಿರುಗಿಸಿ ಹಿಂದಿನ ಲೇಬಲ್ ಓದುತ್ತಾರೆ. ಬೆಲೆ ನೋಡುತ್ತಾರೆ. ಪಕ್ಕದ ಬಾಟಲಿಯ ಬೆಲೆಯನ್ನೂ ನೋಡುತ್ತಾರೆ. ಆಮೇಲೆ ಎರಡನ್ನೂ ಇದ್ದಲ್ಲೇ ಇಟ್ಟು ಮುಂದೆ ಹೋಗುತ್ತಾರೆ. ದುಬಾರಿ ಅನ್ನಿಸಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಕಾರಣ ಅದಲ್ಲ. ಎರಡಕ್ಕೂ ಏನು ವ್ಯತ್ಯಾಸ ಅಂತ ಅವರಿಗೆ ಗೊತ್ತಿರುವುದಿಲ್ಲ, ಕೇಳುವುದಕ್ಕೆ ಸಂಕೋಚ. ಎರಡನ್ನೂ ಒಂದೊಂದು ಚಮಚ ಅಕ್ಕಪಕ್ಕ ಇಟ್ಟು ಕೊಟ್ಟಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಟೇಸ್ಟಿಂಗ್ ಕಾರ್ಯಕ್ರಮ ಇರುವುದೇ ಇದಕ್ಕೆ. ಒಂದೇ ಪದಾರ್ಥವನ್ನು ತಿಂದರೆ ‘ಚೆನ್ನಾಗಿದೆ’ ಅಂತೀವಿ, ಅಷ್ಟೇ. ಎರಡನ್ನು ಜೊತೆಗಿಟ್ಟು ತಿಂದಾಗ ಮಾತ್ರ ನಾಲಿಗೆ ಎಚ್ಚರವಾಗುತ್ತದೆ. ಕೆಳಗೆ ಬರೆದಿರುವ ಎಲ್ಲ ಹಂತಗಳ ಹಿಂದೆಯೂ ಇದೊಂದೇ ನಂಬಿಕೆ ಇದೆ.

ರುಚಿ ನೋಡಿಸುವುದರಿಂದ ಶುರು ಮಾಡಿ

ಅಡುಗೆ ತರಗತಿಗೆ ಒಲೆ, ನೀರು, ಪಾತ್ರೆ, ಜಾಗ ಎಲ್ಲ ಬೇಕು. ರುಚಿ ನೋಡಿಸುವುದಕ್ಕೆ ಒಂದು ಮೇಜು ಸಾಕು. ಆದ್ದರಿಂದ ಎರಡು ಮೂರು ಟೇಸ್ಟಿಂಗ್ ನಡೆಸಿ ಕೈ ಪಳಗಿದ ಮೇಲೆ ತರಗತಿಗೆ ಇಳಿಯುವುದು ಒಳ್ಳೆಯದು.

ಮೊದಲ ಕೆಲಸ, ಒಂದೇ ಪದಾರ್ಥ ಆರಿಸಿಕೊಳ್ಳುವುದು. ಎಣ್ಣೆ ಅಂದರೆ ಎಣ್ಣೆ ಮಾತ್ರ, ಚೀಸ್ ಅಂದರೆ ಚೀಸ್ ಮಾತ್ರ. ಅಂಗಡಿಯಲ್ಲಿರುವುದನ್ನೆಲ್ಲ ಒಂದೇ ಸಂಜೆಯಲ್ಲಿ ತೋರಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಐದು ಬಗೆ ಸಾಕು. ಆರು ದಾಟಿದರೆ ನಾಲಿಗೆ, ಮೂಗು ಎರಡೂ ದಣಿಯುತ್ತವೆ. ಏಳನೆಯದು ಎಷ್ಟೇ ಸೊಗಸಾಗಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಆ ಐದರಲ್ಲಿ ಒಂದು ಕೆಟ್ಟ ಮಾದರಿ ಇರಲಿ. ಇದನ್ನು ಸುಮ್ನೆ ಹೇಳುತ್ತಿಲ್ಲ, ನನ್ನ ಅನುಭವದಲ್ಲಿ ಜನ ಅತಿ ಹೆಚ್ಚು ಕಲಿಯುವುದು ಇದರಿಂದಲೇ. ಆಲಿವ್ ಎಣ್ಣೆಯ ದಿನವಾದರೆ, ತಿಂಗಳುಗಳ ಮೊದಲೇ ಒಂದು ಬಾಟಲಿ ತೆಗೆದು, ಮುಚ್ಚಳ ಸಡಿಲ ಮಾಡಿ ಬೆಳಕು ಬೀಳುವ ಕಿಟಕಿಯ ಹತ್ತಿರ ಇಟ್ಟುಬಿಡಿ. ಗಾಳಿ, ಬೆಳಕು, ಬಿಸಿ ಸೇರಿ ಅದು ಕಮಟಾಗುತ್ತದೆ. ಒಳ್ಳೆಯದರ ಪಕ್ಕದಲ್ಲಿ ಇದನ್ನು ಮೂಸಿ ನೋಡಿದವರು ‘ಅಯ್ಯೋ, ನಮ್ಮನೆಯ ಎಣ್ಣೆ ಹೀಗೇ ಇರುತ್ತಲ್ಲ’ ಅಂತಾರೆ. ಮೂಸಿದರೆ ಸಾಕು, ಕುಡಿಸಬೇಡಿ.

ಸಾಲು ಮುಖ್ಯ

ಸಪ್ಪೆಯಿಂದ ತೀಕ್ಷ್ಣಕ್ಕೆ, ಎಳೆಯದರಿಂದ ಹಳೆಯದಕ್ಕೆ ಹೋಗಬೇಕು. ನಾನು ನಡೆಸಿದ ಮೊದಲ ಚೀಸ್ ಟೇಸ್ಟಿಂಗ್‌ನಲ್ಲಿ ನೀಲಿ ಗೆರೆಗಳ ಬ್ಲೂ ಚೀಸನ್ನು ಎರಡನೆಯದಾಗಿ ಇಟ್ಟಿದ್ದೆ, ತಟ್ಟೆಯಲ್ಲಿ ಚೆಂದ ಕಾಣಲಿ ಅಂತ. ಅದರ ಉಪ್ಪು, ಘಾಟು ಬಾಯಲ್ಲಿ ಕೂತ ಮೇಲೆ ಉಳಿದ ಮೂರೂ ಬರೀ ಬೆಣ್ಣೆಯ ಹಾಗೆ ಅನ್ನಿಸಿದವು. ವಾರಗಟ್ಟಲೆ ಕಾದು ತರಿಸಿದ್ದ ಒಂದು ಎಳೆಯ ಚೀಸಿನ ಬಗ್ಗೆ ಅವತ್ತು ಯಾರೂ ಒಂದು ಮಾತೂ ಆಡಲಿಲ್ಲ. ಆಮೇಲೆ ಯಾವ ಸಾಲು ಜೋಡಿಸಿದರೂ ಹಿಂದಿನ ದಿನ ನಾನೇ ಅದೇ ಕ್ರಮದಲ್ಲಿ ತಿಂದು ನೋಡುತ್ತೇನೆ. ನೀವೂ ಹಾಗೇ ಮಾಡಿ.

ಬಿಸಿ, ಅಳತೆ, ಲೋಟ

ಫ್ರಿಜ್‌ನಿಂದ ಆಗಷ್ಟೇ ತೆಗೆದ ಚೀಸಿಗೆ ಪರಿಮಳ ಇರುವುದಿಲ್ಲ. ಕೊಬ್ಬು ಗಟ್ಟಿಯಾಗಿರುವಾಗ ವಾಸನೆ ಹೊರಗೆ ಬರುವುದೇ ಇಲ್ಲ. ಸುಮಾರು ಒಂದು ಗಂಟೆ ಮೊದಲು ಹೊರಗಿಡಿ, ಒಣಗದ ಹಾಗೆ ಮುಚ್ಚಿಡಿ. ಒಬ್ಬರಿಗೆ ಒಂದೊಂದು ಬಗೆಯಲ್ಲಿ 15ರಿಂದ 20 ಗ್ರಾಂ ಸಾಕು. ಚಾಕೊಲೇಟಿಗೆ ಕೋಣೆಯ ಬಿಸಿಯೇ ಸರಿ. ಅದರಲ್ಲಿರುವ ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಮ್ಮ ಬಾಯಿಯ ಬಿಸಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಅಗಿಯಬೇಡಿ, ನಾಲಿಗೆಯ ಮೇಲೆ ಕರಗಲು ಬಿಡಿ ಅಂತ ಹೇಳಿಕೊಡಿ.

ಆಲಿವ್ ಎಣ್ಣೆಯನ್ನು ಪರೀಕ್ಷೆ ಮಾಡುವ ಅಧಿಕೃತ ತಂಡಗಳು ಸುಮಾರು 15 ಮಿಲಿಲೀಟರ್ ಎಣ್ಣೆಯನ್ನು 28 ಡಿಗ್ರಿಯ ಆಸುಪಾಸಿನಲ್ಲಿಟ್ಟು ನೀಲಿ ಗಾಜಿನ ಲೋಟದಲ್ಲಿ ನೋಡುತ್ತವೆ. ನೀಲಿ ಯಾಕೆ? ಬಣ್ಣ ಕಾಣಬಾರದು ಅಂತ. ಹಸಿರು ಜಾಸ್ತಿ ಇದ್ದರೆ ಎಣ್ಣೆ ಒಳ್ಳೆಯದು ಅನ್ನುವುದು ಕಣ್ಣು ಹೇಳುವ ಸುಳ್ಳು. ನಿಮ್ಮ ಹತ್ತಿರ ನೀಲಿ ಲೋಟ ಇಲ್ಲದಿದ್ದರೆ ಪರವಾಗಿಲ್ಲ, ಬಣ್ಣ ಕಾಣದ ಯಾವ ಪುಟ್ಟ ಲೋಟವಾದರೂ ಆದೀತು.

ನಡುನಡುವೆ ಬಾಯಿ ತೊಳೆದುಕೊಳ್ಳಲು ನೀರಿರಲಿ, ಆದರೆ ತಣ್ಣಗಿರಬಾರದು. ತಣ್ಣೀರು ಕುಡಿದರೆ ಬಾಯಿ ಮರಗಟ್ಟುತ್ತದೆ, ಕೊಬ್ಬು ಹಲ್ಲಿಗೆ ಅಂಟುತ್ತದೆ. ಜೊತೆಗೆ ಉಪ್ಪಿಲ್ಲದ ಬ್ರೆಡ್ ಅಥವಾ ಹಸಿರು ಸೇಬಿನ ಹೋಳು. ಬಂದವರು, ನಡೆಸುವವರು ಯಾರೂ ಅವತ್ತು ಸೆಂಟ್ ಹಾಕಿಕೊಳ್ಳಬಾರದು ಅಂತ ಮೊದಲೇ ತಿಳಿಸಿ.

ಒಂದು ನಿಮಿಷ ಸುಮ್ಮನಿರಿ

ಕಾರ್ಯಕ್ರಮದ ಜೀವಾಳ ಇದು. ಮಾರುವವರು ಸಾಮಾನ್ಯವಾಗಿ ಮಾಡುವ ತಪ್ಪು ಅಂದರೆ, ಚಮಚ ಬಾಯಿಗೆ ಹೋಗುವ ಮೊದಲೇ ‘ಇದರಲ್ಲಿ ಬಾದಾಮಿಯ ಪರಿಮಳ ಇದೆ ನೋಡಿ’ ಅಂದುಬಿಡುವುದು. ಹೇಳಿದ ಮೇಲೆ ಎಲ್ಲರಿಗೂ ಬಾದಾಮಿಯೇ. ಕಣ್ಣು, ಕಿವಿ ನಾಲಿಗೆಯನ್ನು ಎಷ್ಟು ಸುಲಭವಾಗಿ ಎಳೆದುಕೊಂಡು ಹೋಗುತ್ತವೆ ಅನ್ನುವುದಕ್ಕೆ 2001ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗ ಇದೆ. ಫ್ರಾನ್ಸಿನ ಬೋರ್ಡೋದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ, ವೈನ್ ಬಗ್ಗೆಯೇ ಓದುತ್ತಿದ್ದ ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಅದನ್ನು ವರ್ಣಿಸಿದ್ದು ಕೆಂಪು ವೈನಿಗೆ ಬಳಸುವ ಮಾತುಗಳಲ್ಲಿ. ಕಲಿತವರ ಕಥೆಯೇ ಹೀಗಾದರೆ ಉಳಿದವರದ್ದೇನು, ಅಲ್ವಾ?

ಆದ್ದರಿಂದ ಬಾಟಲಿಗಳನ್ನು ಮುಚ್ಚಿಡಿ, ಹೆಸರು, ಬೆಲೆ ಆಮೇಲೆ ಹೇಳಿ. ಪ್ರತಿ ಲೋಟಕ್ಕೂ ಮೂರಂಕಿಯ ಒಂದು ಗುರುತು ಸಂಖ್ಯೆ ಕೊಡಿ. 1, 2, 3 ಅಂತ ಬರೆದರೆ ಒಂದನೆಯದೇ ಚೆನ್ನಾಗಿರಬೇಕು ಅನ್ನಿಸಿಬಿಡುತ್ತದೆ. 417, 852 ಅಂದರೆ ಯಾವ ಅರ್ಥವೂ ಇಲ್ಲ.

ಶುರುವಿಗೆ ಮೂಗು ಹಿಡಿಯುವ ಆಟ ಆಡಿಸಿ. ಎರಡು ಬೆರಳಲ್ಲಿ ಮೂಗು ಬಿಗಿಯಾಗಿ ಮುಚ್ಚಿಕೊಂಡು ಒಂದು ಚೂರು ಚಾಕೊಲೇಟ್ ಬಾಯಿಗೆ ಹಾಕಿಕೊಳ್ಳಲಿ. ಸಿಹಿ ಗೊತ್ತಾಗುತ್ತದೆ, ಕಹಿ ಗೊತ್ತಾಗುತ್ತದೆ, ಅಷ್ಟೇ. ಈಗ ಮೂಗು ಬಿಡಲಿ. ಒಮ್ಮೆಲೇ ಚಾಕೊಲೇಟ್ ಬಾಯಿ ತುಂಬಿಕೊಳ್ಳುತ್ತದೆ. ನಾವು ರುಚಿ ಅಂತ ಕರೆಯುವುದರಲ್ಲಿ ದೊಡ್ಡ ಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ಪರಿಮಳ ಅಂತ ಹತ್ತು ನಿಮಿಷ ವಿವರಿಸುವುದಕ್ಕಿಂತ ಇದು ಮೇಲು. ಇಲ್ಲೇ ಇನ್ನೊಂದು ಹಳೆಯ ತಪ್ಪನ್ನೂ ತಿದ್ದಬಹುದು. ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಅಂತ ಶಾಲೆಯಲ್ಲಿ ನೋಡಿದ ಚಿತ್ರ ಸರಿಯಲ್ಲ. 1901ರ ಒಂದು ಜರ್ಮನ್ ಪ್ರಬಂಧವನ್ನು ಆಮೇಲಿನವರು ತಪ್ಪಾಗಿ ಅರ್ಥ ಮಾಡಿಕೊಂಡದ್ದರಿಂದ ಹುಟ್ಟಿದ್ದು ಅದು. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆಯ ರುಚಿ ಮೊಗ್ಗುಗಳಿಗೂ ತಿಳಿಯುತ್ತದೆ.

ಈಗ ಎಣ್ಣೆ. ಲೋಟವನ್ನು ಒಂದು ಅಂಗೈಯಲ್ಲಿ ಹಿಡಿದು, ಇನ್ನೊಂದು ಅಂಗೈಯಿಂದ ಲೋಟದ ಬಾಯಿ ಮುಚ್ಚಿ ಅರ್ಧ ನಿಮಿಷ ನಿಧಾನಕ್ಕೆ ತಿರುಗಿಸಬೇಕು. ಕೈಯ ಬಿಸಿಗೆ ಪರಿಮಳ ಏಳುತ್ತದೆ. ಕೈ ತೆಗೆದ ತಕ್ಷಣ ಮೂಗು ಹತ್ತಿರ ತನ್ನಿ. ಆಮೇಲೆ ಒಂದು ಗುಟುಕು, ನುಂಗುವ ಮೊದಲು ಹಲ್ಲು ಕಚ್ಚಿಕೊಂಡು ಸರ್ ಅಂತ ಗಾಳಿ ಎಳೆದುಕೊಳ್ಳಿ. ಸದ್ದು ಬಂದರೆ ಬರಲಿ, ನೀವೇ ಮೊದಲು ಜೋರಾಗಿ ಮಾಡಿ ತೋರಿಸಿ, ಆಗ ಬೇರೆಯವರ ನಾಚಿಕೆ ಹೋಗುತ್ತದೆ. ನುಂಗಿದ ಮೇಲೆ ಗಂಟಲು ಕೆರೆದಂತಾಗಿ ಕೆಲವರು ಕೆಮ್ಮುತ್ತಾರೆ. ಹೆದರಬೇಡಿ ಅಂತ ಮೊದಲೇ ಹೇಳಿರಬೇಕು. ತಾಜಾ ಎಣ್ಣೆಯಲ್ಲಿರುವ ಓಲಿಯೋಕ್ಯಾಂಥಾಲ್ ಎಂಬ ಅಂಶ ಮಾಡುವ ಕೆಲಸ ಅದು. ಕಹಿ, ಗಂಟಲ ಖಾರ ಎರಡೂ ಒಳ್ಳೆಯ ಆಲಿವ್ ಎಣ್ಣೆಯ ಗುಣಗಳೇ.

ನುಂಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಬಾರದು. ಚೀಟಿಯಲ್ಲಿ ಅನ್ನಿಸಿದ್ದನ್ನು ಬರೆದುಕೊಳ್ಳಲಿ. ನಡೆಸುವವರಿಗೆ ಆ ಒಂದು ನಿಮಿಷ ಬಹಳ ಉದ್ದ ಅನ್ನಿಸುತ್ತದೆ, ಆದರೂ ತುಟಿ ಬಿಚ್ಚಬೇಡಿ.

ಬರೆಯಲು ಪದ ಸಿಗದೆ ಜನ ತಡಕಾಡುತ್ತಾರೆ. ಹೊರಗಿನ ಪದಪಟ್ಟಿ ಕೊಡಬೇಡಿ. ಒಗರು, ಘಾಟು, ಜಿಡ್ಡು, ಕಮಟು, ಮುಗ್ಗಲು, ಹಸಿ ವಾಸನೆ, ಸುಟ್ಟ ವಾಸನೆ, ಇವೆಲ್ಲ ನಮ್ಮ ಬಾಯಲ್ಲೇ ಇರುವ ಮಾತುಗಳು. ಎಣ್ಣೆಯ ಪರಿಣತರು ಗುರುತಿಸುವ ದೋಷಗಳಲ್ಲಿ ಎರಡು ಮುಖ್ಯವಾದವು ಕಮಟು ಮತ್ತು ಮುಗ್ಗಲು. ನಮಗೆ ಅವನ್ನು ಹೊಸದಾಗಿ ಕಲಿಸಬೇಕಾಗಿಯೇ ಇಲ್ಲ. ‘ಈಗಷ್ಟೇ ಕತ್ತರಿಸಿದ ಹುಲ್ಲಿನ ಹಾಗಿದೆ’ ಅಂತ ಯಾರೋ ಅಂದರೆ ಅದು ಪೂರ್ತಿ ಸರಿಯಾದ ಉತ್ತರ.

ಕೊನೆಗೆ ಹತ್ತು ನಿಮಿಷ ಉಳಿದರೆ ಮೂರು ಲೋಟದ ಪರೀಕ್ಷೆ ಇಡಿ. ಎರಡರಲ್ಲಿ ಒಂದೇ ಎಣ್ಣೆ, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಹೇಳಬೇಕು. ಆಹಾರ ಪ್ರಯೋಗಾಲಯಗಳಲ್ಲಿ ಬಳಸುವ ವಿಧಾನವೇ ಇದು, ಮಕ್ಕಳಿಗೂ ಇಷ್ಟವಾಗುತ್ತದೆ.

ಕೇಳಲೇಬೇಕಾದ ಪ್ರಶ್ನೆ

ಹೆಸರು ಬರೆಸಿಕೊಳ್ಳುವಾಗಲೇ ಅಲರ್ಜಿ ಇದೆಯಾ ಅಂತ ಕೇಳಿ. ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ, ಬಾದಾಮಿ ಗೋಡಂಬಿಯಂಥವು, ಸೋಯಾ, ಎಳ್ಳು, ಸಾಸಿವೆ, ಮೀನು, ಸಿಗಡಿ ಎಲ್ಲ ಹೆಸರು ಹಿಡಿದು ಕೇಳಬೇಕು. ‘ಏನೂ ಇಲ್ಲ ತಾನೇ?’ ಅಂತ ಒಟ್ಟಾಗಿ ಕೇಳಿದರೆ ಮರೆತುಬಿಡುತ್ತಾರೆ. ಜೇನಿನ ಕಾರ್ಯಕ್ರಮಕ್ಕೆ ಕೂಸು ಎತ್ತಿಕೊಂಡು ಬಂದವರಿಗೆ, ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬೇಡಿ ಅಂತ ಸ್ಪಷ್ಟವಾಗಿ ಹೇಳಿ. ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಭಯ ಇದೆ. ಬಾಯಿಗೆ ಹೋದ ಚಮಚ ಮತ್ತೆ ಜಾಡಿಗೆ ಹೋಗಬಾರದು. ಬೇಗ ಕೆಡುವ ಪದಾರ್ಥ ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು.

ಇನ್ನು ಅಡುಗೆ ತರಗತಿ

ಎಂಟು ಜನ ಇದ್ದರೆ ಚೆಂದ, ಹನ್ನೆರಡು ದಾಟಿದರೆ ಅದು ಪ್ರದರ್ಶನವಾಗುತ್ತದೆ. ಪ್ರದರ್ಶನ ತಪ್ಪಲ್ಲ, ಆದರೆ ಹಾಗಂತ ಮೊದಲೇ ಹೇಳಿಬಿಡಿ. ಕೈಯಾರೆ ಮಾಡುವ ಆಸೆಯಿಂದ ಬಂದವರನ್ನು ಎರಡು ಗಂಟೆ ಕೂರಿಸಿದರೆ ಬೇಸರ ಆಗುತ್ತದೆ. ಮುಂಗಡವಾಗಿ ಒಂದು ಶುಲ್ಕ ತೆಗೆದುಕೊಳ್ಳಿ. ಪುಕ್ಕಟೆ ಅಂದರೆ ಹೆಸರು ಕೊಟ್ಟವರಲ್ಲಿ ಎಷ್ಟೋ ಜನ ಬರುವುದೇ ಇಲ್ಲ.

ಎರಡು ಗಂಟೆಗೆ ಎರಡೇ ಅಡುಗೆ. ನಿಮ್ಮ ಕೈಗೆ ನಲವತ್ತು ನಿಮಿಷ ಹಿಡಿಯುವ ಕೆಲಸ ಹೊಸಬರಿಗೆ ಒಂದು ಗಂಟೆ ಮೀರಿ ಹಿಡಿಯುತ್ತದೆ. ಕೊನೆಯ ಅರ್ಧ ಗಂಟೆ ಒಟ್ಟಿಗೆ ಕೂತು ಊಟ ಮಾಡಲು ಇರಬೇಕು. ಅವಸರದಲ್ಲಿ ಡಬ್ಬಿಗೆ ತುಂಬಿ ಕಳಿಸುವ ತರಗತಿ ನನಗಂತೂ ಸರಿ ಬರುವುದಿಲ್ಲ.

ಮೊದಲ ತರಗತಿಗೆ ವಿನೆಗರ್ ಡ್ರೆಸಿಂಗ್, ಅಂದರೆ ಸಲಾಡ್ ಮೇಲೆ ಸುರಿಯುವ ಹುಳಿ ಮಿಶ್ರಣ, ಮಾಡಿಸಿ ಅಂತ ನನ್ನ ಸಲಹೆ. ಒಲೆ ಬೇಡ, ಸೋಲುವ ಭಯ ಇಲ್ಲ, ಅಂಗಡಿಯ ಎಣ್ಣೆ, ವಿನೆಗರ್ ಎರಡೂ ಬಳಕೆಯಾಗುತ್ತವೆ. ಒಂದು ಪಾಲು ವಿನೆಗರಿಗೆ ಮೂರು ಪಾಲು ಎಣ್ಣೆ. ಮೊದಲು ಬರೀ ಎರಡನ್ನು ಕಡೆಯಲಿ. ಬೆರೆತಂತೆ ಕಂಡು ಎರಡೇ ನಿಮಿಷದಲ್ಲಿ ಎಣ್ಣೆ ಮೇಲೆ ತೇಲುತ್ತದೆ. ಎರಡನೆಯ ಬಟ್ಟಲಿನಲ್ಲಿ ವಿನೆಗರಿಗೆ ಅರ್ಧ ಚಮಚ ಸಾಸಿವೆ ಪೇಸ್ಟ್, ಉಪ್ಪು ಹಾಕಿ ಕದಡಿ, ಎಣ್ಣೆಯನ್ನು ಮೊದಲು ಹನಿ ಹನಿಯಾಗಿ, ಆಮೇಲೆ ಸಣ್ಣ ಎಳೆಯಾಗಿ ಸುರಿಯುತ್ತ ಬಿಡದೆ ಕಡೆಯಬೇಕು. ಇದು ಮಂದವಾಗಿ, ಹಾಲಿನ ಹಾಗೆ ಮಸುಕಾಗುತ್ತದೆ. ಸಾಸಿವೆಯಲ್ಲಿರುವ ಅಂಟಿನಂಥ ಅಂಶ ಎಣ್ಣೆಯ ಹನಿಗಳನ್ನು ಒಂದಕ್ಕೊಂದು ಸೇರದಂತೆ ತಡೆಯುತ್ತದೆ. ಎರಡೂ ಬಟ್ಟಲು ಅಕ್ಕಪಕ್ಕ ಇಟ್ಟರೆ ಪಾಠ ಮುಗಿಯಿತು.

ಯಾರದಾದರೂ ಡ್ರೆಸಿಂಗ್ ಒಡೆದು ಎಣ್ಣೆ ಬೇರೆಯಾದರೆ ಚೆಲ್ಲಬೇಡಿ. ಎಲ್ಲರನ್ನೂ ಕರೆದು, ಹೊಸ ಬಟ್ಟಲಿಗೆ ಸ್ವಲ್ಪ ಸಾಸಿವೆ ಪೇಸ್ಟ್ ಹಾಕಿ ಒಡೆದದ್ದನ್ನೇ ಹನಿ ಹನಿಯಾಗಿ ಸೇರಿಸಿ ಸರಿ ಮಾಡುವುದನ್ನು ತೋರಿಸಿ. ಮನೆಯಲ್ಲಿ ಕೆಟ್ಟಾಗ ಅವರಿಗೆ ನೆನಪಾಗುವುದು ಇದೇ.

ಚಾಕೊಲೇಟ್ ಟೆಂಪರಿಂಗ್, ಅಂದರೆ ಹೊಳಪು ಬರುವ ಹಾಗೆ ಹದವಾಗಿ ಕರಗಿಸಿ ಆರಿಸುವುದನ್ನು, ಕಲಿಸಬೇಕಾದರೆ ನೀವು ನಾಲ್ಕಾರು ಸಲ ಮಾಡಿ ಗೆದ್ದ ಮೇಲೆ ಕಲಿಸಿ. ಡಾರ್ಕ್ ಚಾಕೊಲೇಟನ್ನು 45ರಿಂದ 50 ಡಿಗ್ರಿವರೆಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಬೇಕು. ಎರಡು ಡಿಗ್ರಿ ಆಚೀಚೆ ಆದರೂ ಹೊಳಪು ಹೋಗಿ ಬೂದಿ ಬಳಿದಂತಾಗುತ್ತದೆ. ಪ್ರತಿ ಇಬ್ಬರಿಗೊಂದು ಥರ್ಮಾಮೀಟರ್ ಇಲ್ಲದೆ ಈ ತರಗತಿ ಇಟ್ಟುಕೊಳ್ಳಬೇಡಿ.

ಪಾಕವಿಧಾನದ ಹಾಳೆಯನ್ನು ಕೊನೆಯಲ್ಲಿ ಹಂಚಿ. ಮೊದಲೇ ಕೊಟ್ಟರೆ ಬಾಣಲೆ ನೋಡುವ ಬದಲು ಹಾಳೆ ನೋಡುತ್ತಾರೆ.

ಮಾರಾಟದ ಮಾತು

ತರಗತಿಯ ನಡುವೆ ಮಾರಬೇಡಿ. ರುಚಿ ನೋಡಿದವರು ತಾವಾಗಿಯೇ ಕೇಳುತ್ತಾರೆ. ‘ಇಷ್ಟು ದುಬಾರಿ ಯಾಕೆ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ನೇರ ಉತ್ತರ ಇಟ್ಟುಕೊಂಡಿರಿ. ಇಟಲಿಯ ಮೊದೆನಾದ ಸಾಂಪ್ರದಾಯಿಕ ಬಾಲ್ಸಾಮಿಕ್ ವಿನೆಗರ್ ಕಡಿಮೆಯೆಂದರೂ 12 ವರ್ಷ ಮರದ ಪೀಪಾಯಿಗಳಲ್ಲಿ ಮಾಗಿರಬೇಕು, ‘ಎಕ್ಸ್‌ಟ್ರಾವೆಕ್ಕಿಯೊ’ ಅಂತ ಬರೆದಿದ್ದರೆ 25 ವರ್ಷ. ಮೊದೆನಾ ಹೆಸರಿನದೇ ಸಾಮಾನ್ಯ ಬಾಲ್ಸಾಮಿಕ್‌ಗೆ 60 ದಿನ ಸಾಕು. ಇದನ್ನು ಹೇಳಿ, ಜೊತೆಗೆ ಡ್ರೆಸಿಂಗ್ ಕಡೆಯಲು 60 ದಿನದ್ದೇ ಸರಿಹೋಗುತ್ತದೆ ಅಂತಲೂ ಹೇಳಿ. 12 ವರ್ಷದ್ದನ್ನು ಹನಿಗಳಲ್ಲಿ ಬಳಸಬೇಕು. ಕಡಿಮೆ ಬೆಲೆಯದನ್ನು ತೋರಿಸಿದ ಅಂಗಡಿಯ ಮಾತನ್ನು ಗಿರಾಕಿ ಮುಂದಿನ ಸಲವೂ ನಂಬುತ್ತಾರೆ.

ಎಲ್ಲರೂ ಹೋದ ಮೇಲೆ ಚೀಟಿಗಳನ್ನು ಒಟ್ಟು ಮಾಡಿ ಓದಿ. ಬೆಲೆ ಕಾಣದಾಗ ಜನ ಮೆಚ್ಚಿದ್ದು ಯಾವುದು ಅಂತ ಅಲ್ಲಿ ಬರೆದಿರುತ್ತದೆ, ಮುಂದಿನ ಸರಕು ತರಿಸುವಾಗ ಅದು ಬೇಕಾಗುತ್ತದೆ. ತೆರೆದ ಬಾಟಲಿಗಳ ಮೇಲೆ ತಾರೀಕು ಬರೆದು ಕತ್ತಲೆಯ ಕಪಾಟಿನಲ್ಲಿಡಿ. ಆ ಕಮಟು ಎಣ್ಣೆಯ ಬಾಟಲಿಯ ಮೇಲೆ ಮಾತ್ರ ‘ಮಾರಾಟಕ್ಕಲ್ಲ, ಮೂಸಲು ಮಾತ್ರ’ ಅಂತ ದಪ್ಪಕ್ಷರದಲ್ಲಿ ಬರೆದು ಮತ್ತೆ ಕಿಟಕಿಯ ಹತ್ತಿರವೇ ಇಡಿ. ಮುಂದಿನ ತಂಡಕ್ಕೆ ಬೇಕಾಗುತ್ತದೆ.