ಸಿಡಿಲಿಗಿಂತ ಮೊದಲು ನ್ಯೂಟ್ರಲ್: ಕಂಪ್ಯೂಟರ್ ಹೊಲಿಗೆ ಮಷಿನ್ ಕಾಪಾಡಿಕೊಳ್ಳುವ ನನ್ನ ಕ್ರಮ

ಹಳೆಯ ಮಷಿನ್‌ಗೆ ಮೋಟರ್ ಕೂರಿಸಿಕೊಂಡವರಿಗೆ ಹೈ ವೋಲ್ಟೇಜ್ ಬಂದರೆ ಹೆಚ್ಚೆಂದರೆ ಮೋಟರ್ ಹೋಗುತ್ತದೆ. ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್‌ನಲ್ಲಿ ಹಾಗಲ್ಲ. ಫ್ರೇಮ್ ಓಡಿಸುವ ಸ್ಟೆಪರ್ ಮೋಟರ್, ಸೆನ್ಸರ್, ಡಿಸ್‌ಪ್ಲೇ ಎಲ್ಲವೂ ಕೆಲವೇ ವೋಲ್ಟ್ ಡಿಸಿಯಲ್ಲಿ ನಡೆಯುವ ಬೋರ್ಡಿಗೆ ಸೇರಿರುತ್ತವೆ. ಬೋರ್ಡ್ ಸುಟ್ಟರೆ ವಾರಗಟ್ಟಲೆ ಕಾಯಬೇಕು, ಬಿಲ್ಲೂ ದೊಡ್ಡದೇ.

ಮಲೆನಾಡಿನ ನಮ್ಮ ಕಡೆ ಎಲ್ಲರೂ ಹೆದರುವುದು ಸಿಡಿಲಿಗೆ. ನನ್ನ ಲೆಕ್ಕದಲ್ಲಿ ನಿತ್ಯದ ಶತ್ರು ನ್ಯೂಟ್ರಲ್, ಅಂದರೆ ಫೇಸ್‌ನಲ್ಲಿ ಬಂದ ಕರೆಂಟ್ ಮರಳಿ ಹೋಗುವ ವೈರ್. ಕಂಬದಲ್ಲೋ ಮೂರು ಫೇಸ್‌ನ ಮೀಟರ್ ಬೋರ್ಡಿನಲ್ಲೋ ಅದು ಸಡಿಲಾದರೆ ಲೋಡ್ ಕಡಿಮೆ ಇರುವ ಫೇಸ್‌ನ 230 ವೋಲ್ಟ್ 400ರ ಹತ್ತಿರಕ್ಕೂ ಏರಬಹುದು. ಒಂದು ಕಡೆಯ ಬಲ್ಬ್ ಕಣ್ಣು ಕುಕ್ಕುವಂತೆ ಉರಿದು ಇನ್ನೊಂದು ಕಡೆಯದು ಮಂಕಾದರೆ ಅದೇ ಗುರುತು. ತಕ್ಷಣ ಮೇನ್ ಆಫ್ ಮಾಡಬೇಕು. ಸಿಡಿಲಿನ ಹೊಡೆತ ಮುಗಿಯುವುದು ಮೈಕ್ರೋಸೆಕೆಂಡುಗಳಲ್ಲಿ. ನ್ಯೂಟ್ರಲ್ ತರುವ ಹೈ ವೋಲ್ಟೇಜ್ ನಿಮಿಷಗಟ್ಟಲೆ ಇರುತ್ತದೆ. ಆದ್ದರಿಂದ ಎರಡಕ್ಕೂ ಒಂದೇ ಸಾಧನ ಸಾಲದು. ಸ್ಟೆಬಿಲೈಸರ್ ನಿಧಾನದ ಏರಿಳಿತ ಸರಿಪಡಿಸುತ್ತದೆ, ಸಿಡಿಲಿನ ಸ್ಪೈಕ್ ಅದಕ್ಕೆ ಗೊತ್ತೇ ಆಗುವುದಿಲ್ಲ. ಎಂಸಿಬಿ, ಫ್ಯೂಸ್ ಎಚ್ಚರಗೊಳ್ಳುವಷ್ಟರಲ್ಲಿ ಸ್ಪೈಕ್ ಒಳಗೆ ಹೋಗಿ ಆಗಿರುತ್ತದೆ.

ನಾನು ಇಟ್ಟುಕೊಂಡಿರುವ ಸಾಲು ಹೀಗಿದೆ: ಮೇನ್, ಡಿಬಿಯಲ್ಲಿ (ಎಂಸಿಬಿಗಳಿರುವ ಪೆಟ್ಟಿಗೆ) ಟೈಪ್ 2 ಎಸ್‌ಪಿಡಿ (ಸಿಡಿಲಿನ ಹೊಡೆತವನ್ನು ಅರ್ಥ್‌ಗೆ ಹರಿಸುವ ಸಾಧನ), ಅದರ ಮುಂದೆ ಓವರ್-ಅಂಡರ್ ವೋಲ್ಟೇಜ್ ರಿಲೇ (ವೋಲ್ಟೇಜ್ ಮಿತಿ ದಾಟಿದರೆ ಕರೆಂಟ್ ಕಡಿಯುವ ಸಾಧನ), ಆಮೇಲೆ ಯುಪಿಎಸ್, ಕೊನೆಗೆ ಮಷಿನ್. ಡಿಬಿಯೊಳಗಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಆಗಬೇಕು. ಆದರೆ ಏನು ಮಾಡಿಸಬೇಕೆಂದು ನಮಗೆ ಗೊತ್ತಿರಬೇಕು, ಏಕೆಂದರೆ ತಪ್ಪುವುದು ಸಣ್ಣ ವಿಷಯಗಳಲ್ಲೇ.

ಎಸ್‌ಪಿಡಿ 40 ಕೆಎ (ಕಿಲೋ ಆಂಪಿಯರ್), 320 ವೋಲ್ಟ್‌ನದು. ನಮ್ಮದೇ ಅರ್ಥ್ ಗುಂಡಿ ಇರುವ ಕಡೆ ಸಿಂಗಲ್ ಫೇಸಿಗೆ '1+1' ಮಾದರಿ ಕೇಳಿ ತರಬೇಕು: ಫೇಸ್‌ನಿಂದ ನ್ಯೂಟ್ರಲ್‌ಗೆ ವೇರಿಸ್ಟರ್ (ವೋಲ್ಟೇಜ್ ಮಿತಿ ಮೀರಿದಾಗ ಮಾತ್ರ ಕರೆಂಟ್ ಹರಿಯಬಿಡುವ ಬಿಡಿಭಾಗ), ನ್ಯೂಟ್ರಲ್‌ನಿಂದ ಅರ್ಥ್‌ಗೆ ಸ್ಪಾರ್ಕ್ ಗ್ಯಾಪ್. ಇದಕ್ಕೆ ಹೋಗುವ ಮತ್ತು ಇದರಿಂದ ಅರ್ಥ್ ಬಾರ್‌ಗೆ ಬರುವ ವೈರ್ ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ನೋಡಲು ಚೆಂದವೆಂದು ವೈರನ್ನು ಸುತ್ತಿ, ಬಾಗಿಸಿ, ಟೈ ಕಟ್ಟಿಕೊಡುವವರಿದ್ದಾರೆ. ಬಿಚ್ಚಿಸಿ ನೇರ ಮಾಡಿಸಿ. ಅಷ್ಟು ವೇಗದ ಕರೆಂಟಿಗೆ ಒಂದು ಮೀಟರ್ ವೈರ್ ತಾನೇ ಸಾವಿರ ವೋಲ್ಟ್ ಕೂಡಿಸಬಲ್ಲದು, ಅದು ಪೂರ್ತಿ ಮಷಿನ್ ಮೇಲೆ ಬೀಳುತ್ತದೆ. ಎಸ್‌ಪಿಡಿಯ ಕಿಟಕಿ ಹಸಿರಿದ್ದರೆ ಸರಿ, ಕೆಂಪಾದರೆ ಒಳಗಿನ ಕಾರ್ಟ್ರಿಜ್ ಬದಲಿಸಬೇಕು. ಗುಡುಗು ಬಂದು ಹೋದ ಪ್ರತಿ ಸಲವೂ ನೋಡುವುದು ಒಳ್ಳೆಯದು.

ರಿಲೇಯಲ್ಲಿ ಮೇಲಿನ ಮಿತಿ 265, ಕೆಳಗಿನದು 180, ಕರೆಂಟ್ ಬಂದ ಮೇಲೆ ಕಾಯುವ ಸಮಯ 180 ಸೆಕೆಂಡ್. ಸಪ್ಲೈ ಮರಳಿದ ಮೊದಲ ಕ್ಷಣಗಳಲ್ಲಿ ಪಂಪ್‌ಸೆಟ್, ಫ್ರಿಜ್ ಎಲ್ಲ ಒಟ್ಟಿಗೆ ಎಳೆದು ವೋಲ್ಟೇಜ್ ಕುಣಿಯುತ್ತದೆ, ಆ ಮೂರು ನಿಮಿಷ ಮಷಿನ್ ಹೊರಗಿರಲಿ. ನ್ಯೂಟ್ರಲ್ ಕಡಿದಾಗ ಕಾಪಾಡುವುದು ಈ ರಿಲೇಯೇ, ಎಸ್‌ಪಿಡಿ ಅಲ್ಲ.

ಅರ್ಥಿಂಗ್ ಸರಿಯಿಲ್ಲದಿದ್ದರೆ ಎಸ್‌ಪಿಡಿ ಹೊಡೆತವನ್ನು ಎಲ್ಲಿಗೆ ಕಳಿಸಬೇಕು? ಅರ್ಥ್ ಗುಂಡಿಗೆ ಬೇಕಿರುವುದು 40 ಎಂಎಂನ, ಎರಡೂವರೆ ಮೀಟರ್ ಉದ್ದದ ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು. ಜಂಬಿಟ್ಟಿಗೆ ನೆಲದಲ್ಲಿ ಒಂದು ಪೈಪಿಗೆ ರೀಡಿಂಗ್ ಇಳಿಯುವುದು ಕಷ್ಟ. ಐದು ಮೀಟರ್ ದೂರದಲ್ಲಿ ಇನ್ನೊಂದು ಹಾಕಿ ಎರಡನ್ನೂ ಜೋಡಿಸಬೇಕು. ಅರ್ಥ್ ಟೆಸ್ಟರ್‌ನಲ್ಲಿ 5 ಓಮ್‌ಗಿಂತ ಕಡಿಮೆ ಬರಲಿ. ಮುಂಗಾರಿಗೆ ಮೊದಲಿನ ಸಿಡಿಲು ಏಪ್ರಿಲ್, ಮೇಯಲ್ಲಿ ಜೋರು, ಗುಂಡಿ ಒಣಗಿರುವುದೂ ಆಗಲೇ. ಆ ಎರಡು ತಿಂಗಳು ವಾರಕ್ಕೊಮ್ಮೆ ನೀರು ಹೊಯ್ಯುತ್ತೇನೆ. ಮಷಿನ್‌ಗೆಂದೇ ಪ್ರತ್ಯೇಕ ಅರ್ಥ್ ಬೇಡ, ಮನೆಯದಕ್ಕೇ ಸೇರಿರಬೇಕು.

ಸಾಕೆಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ನ್ಯೂಟ್ರಲ್-ಅರ್ಥ್ ನೋಡಿ. ಲೋಡ್ ಇರುವಾಗ ಒಂದೆರಡು ವೋಲ್ಟ್ ಇದ್ದರೆ ಅಡ್ಡಿಯಿಲ್ಲ. ಇಸ್ತ್ರಿ ಪೆಟ್ಟಿಗೆ ಓಡುತ್ತಿದ್ದರೂ ಸರಿಯಾಗಿ ಸೊನ್ನೆ ತೋರಿಸಿದರೆ ಖುಷಿಪಡಬೇಡಿ: ಯಾರೋ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಲೂಪ್ ಮಾಡಿರಬಹುದು. ನ್ಯೂಟ್ರಲ್ ಕಡಿದ ದಿನ ಮಷಿನ್‌ನ ಲೋಹದ ಮೈಗೇ ಕರೆಂಟ್ ಬರುತ್ತದೆ.

ಯುಪಿಎಸ್ ಬೇಕಿರುವುದು ಡಿಸೈನ್ ನಡುವೆ ಕರೆಂಟ್ ಹೋದಾಗ ಫ್ರೇಮ್ ಜಾಗ ತಪ್ಪದಿರಲು. ಮಷಿನ್ ಹಿಂದಿನ ಪಟ್ಟಿಯಲ್ಲಿರುವ ವ್ಯಾಟ್‌ನ ಎರಡರಷ್ಟು ವಿಎ (ಯುಪಿಎಸ್ ಸಾಮರ್ಥ್ಯದ ಅಳತೆ) ಇಟ್ಟುಕೊಳ್ಳಿ. ಮನೆಯ ಮಾದರಿಗೆ 600 ವಿಎ ಸಾಕು. ಹಲವು ಸೂಜಿಯ ಮಷಿನ್‌ಗೆ ಆನ್‌ಲೈನ್ ಯುಪಿಎಸ್ಸೇ (ಸದಾ ತನ್ನ ಇನ್ವರ್ಟರ್ ಮೂಲಕವೇ ಕರೆಂಟ್ ಕೊಡುವುದು) ಸರಿ. ಮನೆಯ ಇನ್ವರ್ಟರ್ ಬಳಸುವವರು ಪ್ಯೂರ್ ಸೈನ್ ವೇವ್ ಇದೆಯೇ ನೋಡಿ, ಹಿಂದಿನ ಸ್ವಿಚ್ಚನ್ನು 'ಯುಪಿಎಸ್' ಕಡೆಗಿಡಿ. ಇನ್ನೊಂದು ಮೋಡ್‌ನಲ್ಲಿ ಸುಮಾರು 100ರಿಂದ 290 ವೋಲ್ಟ್‌ವರೆಗೆ ಹಾಗೇ ಒಳಗೆ ಬಿಡುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಯುಪಿಎಸ್‌ಗೆ ಹಾಕಲೇಬೇಡಿ.

ಅಮೆರಿಕದಿಂದ ಮಗಳೋ ತಂಗಿಯೋ ತಂದುಕೊಟ್ಟ 120 ವೋಲ್ಟ್ ಮಷಿನ್ ಇದ್ದರೆ ಆಟೋ ಟ್ರಾನ್ಸ್‌ಫಾರ್ಮರ್ ಬೇಡ. ಅದರ ನ್ಯೂಟ್ರಲ್ ಬದಿಯ ಸುರುಳಿ ಕಡಿದರೆ 230 ನೇರ ಒಳಗೆ ಹೋಗುತ್ತದೆ. ಎರಡು ಬೇರೆ ಸುರುಳಿಯ ಐಸೊಲೇಷನ್ ಮಾದರಿ ತನ್ನಿ.

ಇಷ್ಟೆಲ್ಲ ಇದ್ದರೂ ಹತ್ತಿರದ ಸಿಡಿಲಿಗೆ ಪ್ಲಗ್ ಕೀಳುವುದೊಂದೇ ದಾರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಅದು ಫೇಸ್ ಮಾತ್ರ ಬಿಡಿಸುತ್ತದೆ; ನ್ಯೂಟ್ರಲ್, ಅರ್ಥ್ ಹಾಗೇ ಇರುತ್ತವೆ, ಸ್ವಿಚ್ಚಿನೊಳಗಿನ ಸಣ್ಣ ಅಂತರವನ್ನು ಸಿಡಿಲಿನ ವೋಲ್ಟೇಜ್ ದಾಟುತ್ತದೆ. ಯುಎಸ್‌ಬಿ ಕೇಬಲ್ಲನ್ನೂ ಕಿತ್ತಿಡಿ, ಡಿಸೈನ್ ಹಾಕಲು ಪೆನ್ ಡ್ರೈವ್ ಒಳ್ಳೆಯದು. ರಾಜ್ಯದ 'ಸಿಡಿಲು' ಆ್ಯಪ್ ಅಥವಾ ಕೇಂದ್ರದ 'ದಾಮಿನಿ' ಎಚ್ಚರಿಕೆ ಕೊಡುತ್ತವೆ. ಆದರೂ ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವಷ್ಟಿದ್ದರೆ ಸಿಡಿಲು ಹತ್ತು ಕಿಲೋಮೀಟರ್ ದೂರ ಅಷ್ಟೆ. ಆಗಲೇ ಪ್ಲಗ್ ತೆಗೆಯಿರಿ, ತಲೆಮೇಲೆ ಗುಡುಗುವಾಗ ಕೈ ಹಾಕಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಹಾಕಬಹುದು.

ಹೊಡೆತ ಬಿದ್ದು ಮಷಿನ್ ಆನ್ ಆಗದಿದ್ದರೆ ಮತ್ತೆ ಮತ್ತೆ ಸ್ವಿಚ್ ಒತ್ತಬಾರದು. ಪ್ಲಗ್ ತೆಗೆದು ಗಾಜಿನ ಫ್ಯೂಸ್ ನೋಡಿ. ಗಾಜು ಒಳಗೆಲ್ಲ ಕಪ್ಪಾಗಿದ್ದರೆ ಮುಂದೆ ಶಾರ್ಟ್ ಇದೆ. ಹೊಸ ಫ್ಯೂಸ್ ಹಾಕಿ ಪರೀಕ್ಷಿಸಿದರೆ ಉಳಿದಿರುವುದೂ ಹೋಗುತ್ತದೆ. ಎಷ್ಟೋ ಸಲ ಪವರ್ ಸಪ್ಲೈ ಕಾರ್ಡಿನ ವೇರಿಸ್ಟರ್ ಮತ್ತು ಫ್ಯೂಸ್ ಎರಡೇ ಹೋಗಿರುತ್ತವೆ. ಮೆಕ್ಯಾನಿಕ್ ಪೂರ್ತಿ ಬೋರ್ಡ್ ಬದಲಿಸಬೇಕು ಎಂದರೆ ಮೊದಲು ಆ ಎರಡನ್ನು ಚೆಕ್ ಮಾಡಿಸಿ.